ಎರಡು ಗೆರೆ ವಿಭೂತಿ

ಶಂಭುಲಿಂಗಪ್ಪ ಮೂರು ಬೆರಳು ಕೂಡಿಸಿ ವಿಭೂತಿಯಲ್ಲಿ ಅದ್ದಿ ತಮ್ಮನ ಹಣೆಗೆ ಎಳೆದ. ಗೋಡೆಗೆ ಆನಿಸಿ ಕೂಡಿಸಿದ್ದ ಮಡಿವಾಳೆಪ್ಪನ ತಲೆ ಒಂದಿಷ್ಟು ಎಡಕ್ಕೆ ವಾಲಿತು; ಯಾರೋ ಹಿಡಿದು ನೆಟ್ಟಗೆ ಮಾಡಿದರು. ಮೂಲೆಯಲ್ಲಿ ಕುಳಿತಿದ್ದ ಗುರವ್ವನಿಗೆ ಗಂಡನ ಹಣೆ ಬೇರೆ ಯಾರದೋ ಹಣೆಯಂತೆ ಕಂಡಿತು. ಐದು ವರ್ಷದಿಂದ ಅಲ್ಲಿ ಎರಡೇ ಗೆರೆ ಇರುತ್ತಿದ್ದವು. ಬಲಗೈಯ ನಡುಬೆರಳೇ ಇಲ್ಲದ ಮನುಷ್ಯ ಮೂರನೆಯ ಗೆರೆ ಎಲ್ಲಿಂದ ತಂದಾನು? ಯಾರಾದರೂ ಚೇಷ್ಟೆ ಮಾಡಿದರೆ, "ಶಿವಗ ಲೆಕ್ಕ ಗೊತ್ತೈತಿ ತಗೋರಿ" ಎಂದು ನಕ್ಕುಬಿಡುತ್ತಿದ್ದ.

ಅಣ್ಣಿಗೇರಿ ಸ್ಟೇಶನ್ನಿನ ಬಾಜು ಖಾನಾವಳಿ ನಡೆಸುವ ಅನ್ನವ್ವ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದಳು. ನಿನ್ನೆ ಸಂಜೆ ಮಡಿವಾಳೆಪ್ಪ ಎದೆ ಹಿಡಿದುಕೊಂಡು ಬಿದ್ದು ಜೀವ ಬಿಟ್ಟದ್ದು ಅವಳ ಅಡುಗೆಮನೆಯಲ್ಲೇ, ಹೊಸ ಗ್ಯಾಸ್ ಒಲೆ ಕೂಡಿಸುವಾಗ.

"ಊಟದ ಚಿಂತಿ ಬಿಡ್ರಿ," ಎಂದಳು ಶಂಭುಲಿಂಗಪ್ಪನಿಗೆ. "ಮೊರಬದಿಂದ ಮಣ್ಣಿಗೆ ಬಂದ ಬಳಗದವ್ರಿಗೆಲ್ಲಾ ನಮ್ಮ ಖಾನಾವಳಿಯಿಂದನ ಅನ್ನ, ಸಾರು. ಸೊಸಿ ಅಕ್ಕಿ ತೊಳ್ಯಾಕತ್ತಾಳ. ಅಷ್ಟಾದ ಕೂಡ್ಲೆ ಹೊಸಾ ಒಲಿ ಹಚ್ಚಂತ ಹೇಳಿ ಬಂದೀನಿ. ಅವರು ಕೂಡಿಸಿದ ಒಲಿ, ಅವರ ಹೆಸರಿಲೇನ ಮೊದಲ ಅಡಗಿ ಆಗಲಿ."

ಗುರವ್ವನ ಕಣ್ಣು ಮೂಲೆಯಲ್ಲಿದ್ದ ಕೆಲಸದ ಚೀಲದ ಮೇಲೆ ಹೋಯಿತು. ಸಿಲಿಂಡರ್ ಹೊರುವ ಚಕ್ಕಡಿಯ ರಸೂಲಸಾಬ ನಿನ್ನೆ ಹೆಣದ ಜೊತೆಗೇ ಆ ಚೀಲವನ್ನೂ ತಂದಿಟ್ಟಿದ್ದ. ರಾತ್ರಿ ಅದನ್ನು ಬಿಚ್ಚಿದಾಗ, ಗ್ಯಾಸು ಸೋರುತ್ತದೋ ಎಂದು ನೋಡಲು ಜಾಯಿಂಟಿಗೆ ಹಚ್ಚುವ ಸಬಕಾರದ ನೊರೆನೀರಿನ ಡಬ್ಬಿ ಅರ್ಧ ತುಂಬಿಯೇ ಇತ್ತು. ಡಬ್ಬಿ ಖಾಲಿಯಾಗದೆ ಅವನು ಯಾವತ್ತೂ ಕೆಲಸ ಬಿಟ್ಟು ಎದ್ದವನಲ್ಲ.

"ಅನ್ನವ್ವಕ್ಕಾ, ಇವ್ರು ಕೆಲಸಾ ಮುಗಿಸಿದ್ರಂತ ನಿಮಗ ಯಾರು ಹೇಳಿದ್ರು?"

"ಯಾರ್ ಹೇಳಬೇಕವಾ? ಪೈಪಿನ ಮ್ಯಾಲ ವಿಭೂತಿ ಹಚ್ಯಾರಲ್ಲ. ಎರಡ್ಮೂರು ಜಾಯಿಂಟಿಗೆ ಇರಲಿಲ್ಲ. ನಾನ ಮುಂಜಾನೆ ಎದ್ದು, ಹೊಸಾ ಒಲಿ ಅಂತ ಪೂಜಿ ಮಾಡಿ, ಉಳಿದಾವಕ್ಕೂ ಹಚ್ಚೀನಿ. ದೇವರ ಕೆಲಸಾ ಅರ್ಧಾ ಬಿಡಬಾರದು ನೋಡು."

ಅದು ಪೂಜೆಯ ವಿಭೂತಿಯಲ್ಲ ಎಂಬುದು ಈ ಮನೆಯಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು. ಅವರಲ್ಲೊಬ್ಬ ಗೋಡೆಗೆ ಆನಿಕೊಂಡು ಕೂತಿದ್ದ.

"ರಸೂಲಣ್ಣಾ, ಇವ್ರು ಎಷ್ಟು ಜಾಯಿಂಟು ನೋಡಿದ್ರು?" ಎಂದು ಗುರವ್ವ ಕೇಳಿದಳು.

ಹೊಸ್ತಿಲಲ್ಲಿ ನಿಂತಿದ್ದ ರಸೂಲಸಾಬ ತಲೆ ತಗ್ಗಿಸಿದ. "ನಾ ಎಣಿಸಿಲ್ಲ ವೈನಿ. ಜಾಯಿಂಟು ಬಿಗಿಯಾಕ ಪಾನಾ ಕೊಡಂದಾ, ಕೊಡೂದ್ರಾಗ ಬಿದ್ದಾ."

ಗುರವ್ವ ಎದ್ದು ಚೀಲ ಎತ್ತಿಕೊಂಡಳು.

"ಏ ಗುರವ್ವಾ, ಮಣ್ಣಿನ ಹೊತ್ತಿನ್ಯಾಗ ಎಲ್ಲಿಗಿ ಹೊಂಟಿ?" ಶಂಭುಲಿಂಗಪ್ಪ ಗದರಿದ. "ಮಂದಿ ಏನಂದಾರು? ಹುಬ್ಬಳ್ಳಿಯಿಂದ ಮಿಸ್ತ್ರಿನ್ನ ಕರಸೂಣು."

"ಹುಬ್ಬಳ್ಳಿಯಿಂದ ಮಿಸ್ತ್ರಿ ಬರೂಮಟಾ ಅವರು ಕಡ್ಡಿ ಗೀರಲಾರದ ಇರತಾರೇನ್ರಿ ಭಾವಾರ?"

"ಮತ್ತ ಇವನು?"

ಗುರವ್ವ ಗಂಡನ ಕಡೆ ನೋಡಿದಳು. "ಕುಂತಾರಲ್ರಿ. ಕಾಯ್ತಾರ."

*

ಐದು ವರ್ಷದ ಹಿಂದೆ ಗುಡಗೇರಿಯ ಒಂದು ಹೊಟೇಲಿನಲ್ಲಿ ಒಲೆ ಕೂಡಿಸುವಾಗ ಸಂತೆಯ ಗಿರಾಕಿಗಳು ಹೊರಗೆ ಗದ್ದಲ ಹಾಕುತ್ತಿದ್ದರು. ಮಾಲೀಕ ಅವಸರ ಮಾಡಿದ. ಕೊನೆಯ ಒಂದು ಜಾಯಿಂಟನ್ನು ಮಡಿವಾಳೆಪ್ಪ ನೊರೆ ಹಚ್ಚದೆ ಬರಿಗಣ್ಣಿನಲ್ಲಿ ನೋಡಿ "ಆತು" ಎಂದುಬಿಟ್ಟ. ಕಡ್ಡಿ ಗೀರಿದ ಕೂಡಲೇ ಬೆಂಕಿ ನೆಲದ ಮೇಲೆ ಹರಿದು ದೋಸೆ ಹುಯ್ಯುವವನ ಧೋತರ ಹಿಡಿಯಿತು. ಮಡಿವಾಳೆಪ್ಪ ಬರಿಗೈಲೇ ಬಡಿದು ಆರಿಸಿದ. ಆ ಮನುಷ್ಯ ಬದುಕಿದ, ಆದರೆ ಈಗಲೂ ಕಾಲೆಳೆದು ನಡೆಯುತ್ತಾನೆ. ಮಡಿವಾಳೆಪ್ಪನದು ಒಂದು ಬೆರಳು ಹೋಯಿತು.

ಆಸ್ಪತ್ರೆಯಿಂದ ಬಂದ ಮೇಲೆ ತಿಂಗಳುಗಟ್ಟಲೆ ಅವನು ಪಾನಾ ಮುಟ್ಟಲಿಲ್ಲ. ಮತ್ತೆ ಮುಟ್ಟಿದಾಗ ಹಿಡಿತ ಸಾಲುತ್ತಿರಲಿಲ್ಲ. ಊರೊಳಗಿನ ಕೆಲಸಕ್ಕೆ ಹೆಂಡತಿಯನ್ನೂ ಕರೆದೊಯ್ಯತೊಡಗಿದ. ಜಾಯಿಂಟು ಬಿಗಿಯುವುದು ಅವಳು, ನೊರೆ ಹಚ್ಚಿ ಕಣ್ಣು ಕೀಲಿಸಿ ಕೂಡುವುದು ಅವನು. ನಿನ್ನೆ ಮಾತ್ರ ರಸೂಲಸಾಬ ಜೊತೆಗಿದ್ದಾನೆಂದು ಅವಳು ಮನೆಯಲ್ಲೇ ಉಳಿದಿದ್ದಳು.

"ಗ್ಯಾಸು ಹೊಗಿ ಹಂಗ ಮ್ಯಾಲ ಹೋಗೂದಿಲ್ಲಬೇ, ನೆಲಾ ಹಿಡದು ಕುಂದರತೈತಿ," ಎನ್ನುತ್ತಿದ್ದ. "ಅದಕ್ಕ ಗ್ವಾಡಿ ಬುಡಕ ತೂತು ಬೇಕು. ಗುಳ್ಳಿ ಏಳಲಿಲ್ಲಂದ್ರಷ್ಟ ನಾ ಜಾಯಿಂಟಿಗೆ ಬಟ್ಟು ಹಚ್ಚಾಂವ. ಬಾಯಿ ಸುಳ್ಳು ಹೇಳತೈತಿ, ವಿಭೂತಿ ಹಚ್ಚಿ ಸುಳ್ಳು ಹೇಳಾಕ ನನ್ನ ಕೈಲಾಗೂದಿಲ್ಲ."

ಎರಡು ಬೆರಳು, ಎರಡು ಗೆರೆ. ನೋಡಿದವರು ಭಕ್ತಿ ಎಂದುಕೊಂಡರು. ಅವನು ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ಗುಡಗೇರಿಯದನ್ನೂ ಹೇಳಬೇಕಾಗುತ್ತಿತ್ತು.

*

ಖಾನಾವಳಿಯ ಅಡುಗೆಮನೆ ತುಂಬ ಊದಿನಕಡ್ಡಿಯ ವಾಸನೆ. ಇದರೊಳಗೆ ಗ್ಯಾಸಿನ ವಾಸನೆ ಯಾರ ಮೂಗಿಗೆ ಹತ್ತೀತು? ಹಳೆಯ ಕಟ್ಟಿಗೆ ಒಲೆ ಒಡೆದು ಕಟ್ಟಿದ ಹೊಸ ಕಟ್ಟೆಯ ಮುಂದೆ ಅನ್ನವ್ವನ ಸೊಸೆ ಶಿವಗಂಗವ್ವ ನಿಂತಿದ್ದಳು. ಒಂದು ಕೈ ಸಿಲಿಂಡರಿನ ಚಾವಿಯ ಮೇಲಿತ್ತು, ಇನ್ನೊಂದರಲ್ಲಿ ಕಡ್ಡಿಪೆಟ್ಟಿಗೆ.

"ಚಾವಿ ಮುಟ್ಟಬ್ಯಾಡ ತಂಗಿ!"

ಗುರವ್ವನ ಕೂಗಿಗೆ ಹುಡುಗಿ ಬೆಚ್ಚಿ ಕೈ ತೆಗೆದಳು. ಚಾವಿ ಇನ್ನೂ ತಿರುಗಿರಲಿಲ್ಲ. ಗುರವ್ವ ಕಡ್ಡಿಪೆಟ್ಟಿಗೆ ಕಸಿದು ಜೊತೆಗೆ ಬಂದಿದ್ದ ರಸೂಲಸಾಬನ ಕೈಗೆ ಹಾಕಿ, ಊದಿನಕಡ್ಡಿಯನ್ನು ಅಂಗಳದಲ್ಲಿ ಆರಿಸಿ ಬಂದಳು. ಗೋಡೆಯ ಬುಡದ ತೂತಿಗೆ ಗೋಣಿಚೀಲ ತುರುಕಿದ್ದರು.

"ಇಲಿ ಬರತಾವರಿ," ಎಂದಳು ಶಿವಗಂಗವ್ವ, ಅಳುವ ದನಿಯಲ್ಲಿ.

ಗುರವ್ವ ಆ ಗೋಣಿಚೀಲ ಕಿತ್ತೆಸೆದು, ಬಾಗಿಲು ತೆರೆಸಿ, ಪೈಪಿನ ಉದ್ದಕ್ಕೂ ನೋಡುತ್ತ ಹೋದಳು. ಮೊದಲ ನಾಲ್ಕು ಜಾಯಿಂಟಿಗೆ ನಡುವೆ ತೆರಪು ಬಿಟ್ಟ ಎರಡೆರಡು ಗೆರೆ. ಅವನವೇ. ಆಮೇಲಿನ ಮೂರಕ್ಕೆ ಮೂರು ಮೂರು ಗೆರೆ, ಒತ್ತೊತ್ತಾಗಿ. ಅವಳಿಗೆ ಅಳು ಒತ್ತಿಕೊಂಡು ಬಂತು. ನಿನ್ನೆಯಿಂದ ಬಾರದ ಅಳು ಈಗ ಯಾಕೆ ಬರಬೇಕು? ಕಣ್ಣು ಮಂಜಾದರೆ ಗುಳ್ಳೆ ಕಾಣುವುದಿಲ್ಲ. ಸೆರಗಿನಿಂದ ಗಸಗಸ ಒರೆಸಿಕೊಂಡಳು.

ಡಬ್ಬಿಯ ನೀರನ್ನು ಕೈಯಿಂದ ಕಡೆದು ನೊರೆ ಎಬ್ಬಿಸಿ, ಚಾವಿ ತಿರುವಿದಳು. ಐದನೆಯ ಜಾಯಿಂಟು ಸುಮ್ಮನಿತ್ತು. ಆರನೆಯದಕ್ಕೆ ನೊರೆ ಹಚ್ಚಿ ಕೂತಳು. ನೊರೆಯೊಳಗಿಂದ ಹೆಸರುಕಾಳಿನಷ್ಟು ಗುಳ್ಳೆ ಎದ್ದು, ಕಡಲೆಯಷ್ಟಾಗಿ, ಒಡೆಯಿತು. ಅದರ ಹಿಂದೆ ಇನ್ನೊಂದು.

"ಅಯ್ಯ ಶಿವನ!" ಹಿಂದೆಯೇ ಓಡಿ ಬಂದಿದ್ದ ಅನ್ನವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನಾ ಹಚ್ಚಿದ್ದು ಅಲ್ಲೇನ..."

ಗುರವ್ವ ಚಾವಿ ಮುಚ್ಚಿ, ಪಾನಾ ಹಾಕಿ ಮೈಭಾರವೆಲ್ಲ ಬಿಟ್ಟು ತಿರುವಿದಳು. ಕೈಯಲ್ಲಿ ಉಳಿದಿದ್ದ ಹಸಿರು ಬಳೆ ಒಂದು ಪೈಪಿಗೆ ತಾಗಿ ಒಡೆಯಿತು. ಇನ್ನೊಂದು ತಾಸಿಗೆ ಹೇಗೂ ಒಡೆಯುವವೇ. ಮತ್ತೆ ಚಾವಿ, ಮತ್ತೆ ನೊರೆ. ಅವಳು ಮನಸ್ಸಿನಲ್ಲಿ ನೂರು ಎಣಿಸಿದಳು. ಗುಳ್ಳೆ ಏಳಲಿಲ್ಲ. ಏಳನೆಯದೂ ಸುಮ್ಮನಿತ್ತು.

ಚೀಲದೊಳಗಿನ ವಿಭೂತಿ ಗಟ್ಟಿ ತೆಗೆದು ಬೆರಳಿಗೆ ಉಜ್ಜಿಕೊಂಡಳು. ಅನ್ನವ್ವನ ಗೆರೆಗಳು ನೊರೆಯಲ್ಲಿ ಕರಗಿ ಹೋಗಿದ್ದವು. ಗುರವ್ವ ನಡುಬೆರಳನ್ನು ಅಂಗೈಯೊಳಗೆ ಮಡಚಿ, ಮೂರೂ ಜಾಯಿಂಟಿಗೆ ಎರಡೆರಡು ಗೆರೆ ಎಳೆದಳು.

"ಈಗ ಹಚ್ಚು ತಂಗಿ," ಎಂದಳು.

ಅವಳು ಮನೆಗೆ ಬಂದಾಗ ಹೆಣ ಹೊರುವ ವಿಮಾನ ಕಟ್ಟಿ ಮುಗಿದಿತ್ತು. ಎತ್ತಲು ಬಂದವರು ಅವಳಿಗಾಗಿ ತಡೆದು ನಿಂತಿದ್ದರು. ಶಂಭುಲಿಂಗಪ್ಪ ಸಿಟ್ಟಿನಿಂದ ಏನೋ ಹೇಳಲು ಬಾಯಿ ತೆರೆದ. ರಸೂಲಸಾಬ ಅವನ ಕಿವಿಯಲ್ಲಿ ಹೇಳಿದ್ದು ಕೇಳಿ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.

ಗುರವ್ವ ಗಂಡನ ಎದುರು ಕೂತು, ಸಬಕಾರದ ಜಿಗುಟು ಇನ್ನೂ ಆರದ ಹೆಬ್ಬೆರಳಿನಿಂದ ಅವನ ಹಣೆಯ ನಡುವಿನ ಗೆರೆಯೊಂದನ್ನು ಮೆಲ್ಲಗೆ ಒರೆಸಿ ತೆಗೆದಳು.