ಇಬ್ಬರೇ ಕೂರುವ ಕಾರು

ನಾನು ಒಂದು ಸ್ಪೋರ್ಟ್ಸ್ ಕಾರು. ಬಣ್ಣ ಕೆಂಪು, ಬಾಗಿಲು ಎರಡು, ಸೀಟು ಎರಡು. ಹಿಂದಿನ ಸೀಟು ಎಲ್ಲಿ ಎಂದು ಕೇಳುವವರು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಅಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಾನು ಹುಟ್ಟಿದ್ದು ಪುಣೆಯ ಹೊರಗಿನ ಒಂದು ಸಣ್ಣ ಕಾರ್ಖಾನೆಯಲ್ಲಿ. ಅದನ್ನು ನಡೆಸುತ್ತಿದ್ದ ಮೂವರು ಎಂಜಿನಿಯರುಗಳಿಗೆ ಕಾರು ಮಾಡಲು ಬರುತ್ತಿತ್ತು, ಮಾರಲು ಬರುತ್ತಿರಲಿಲ್ಲ. ಇನ್ನೂರು ಚಿಲ್ಲರೆ ಕಾರು ಮಾಡಿ ಬಾಗಿಲು ಹಾಕಿಕೊಂಡರು. ಆದರೆ ಮಾಡಿದಷ್ಟನ್ನು ಮನಸ್ಸಿಟ್ಟು ಮಾಡಿದ್ದರು. ಹಗುರವಾದ ಮೈ, ಗಟ್ಟಿ ಎಂಜಿನ್, ನೆಲದಿಂದ ಒಂದು ಗೇಣು ಎತ್ತರ. ನನ್ನನ್ನು ಮೊದಲ ಸಲ ಓಡಿಸಿ ನೋಡಿದ ಮುದುಕ ಫಿಟ್ಟರ್ ಇಳಿದು ಬಂದು ನನ್ನ ಸುತ್ತ ಒಮ್ಮೆ ನಡೆದ. ಮತ್ತೆ ಹತ್ತಿ ಇನ್ನೊಂದು ಸುತ್ತು ಹೊಡೆದ. ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಬೇಕಿರಲಿಲ್ಲ.

ನನ್ನ ಮೊದಲ ಮಾಲೀಕ ಹುಬ್ಬಳ್ಳಿಯ ಸ್ಟೀಲ್ ಪಾತ್ರೆ ವ್ಯಾಪಾರಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಇವನು ಕೊಡೆಯ ಬದಲು ನನ್ನನ್ನು ಹಿಡಿದ. ಮನೆಯಿಂದ ಅಂಗಡಿ ಒಂದೂವರೆ ಕಿಲೋಮೀಟರು. ಅಷ್ಟು ದೂರ ನನ್ನನ್ನು ಎರಡನೇ ಗೇರಿನಲ್ಲಿ ಎಳೆದುಕೊಂಡು ಹೋಗಿ, ಪಾತ್ರೆಗಳ ಪಕ್ಕದಲ್ಲಿ ನಿಲ್ಲಿಸುತ್ತಿದ್ದ. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ನಾಲ್ಕು ವರ್ಷವಾದರೂ ತೆಗೆಯಲಿಲ್ಲ. ನನಗೆ ಐದನೇ ಗೇರು ಇದೆ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ, ಹಾಕಿದ್ದನ್ನಂತೂ ನಾನು ಕಾಣೆ.

ಅವನಿಂದ ನನ್ನನ್ನು ಕೊಂಡವನು ಮದುವೆಗೆ ಗಾಡಿ ಬಾಡಿಗೆ ಕೊಡುವವನು. ಇಲ್ಲಿ ನಾನು ಪಟ್ಟ ಅವಮಾನವನ್ನು ಹಗೆಯವರಿಗೂ ಬಯಸುವುದಿಲ್ಲ. ಮೈತುಂಬ ಗುಲಾಬಿ, ಅದನ್ನು ಹಿಡಿದಿಡಲು ಟೇಪು, ಮುಂದೆ ಬ್ಯಾಂಡ್ ಸೆಟ್ಟು. ಮದುಮಗ, ಮದುಮಗಳು ಕೂತರೆ ನನ್ನಲ್ಲಿ ಡ್ರೈವರಿಗೆ ಜಾಗವಿಲ್ಲ. ಮದುಮಗನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಬರುತ್ತಿದ್ದರೂ ಬಾಸಿಂಗ ಕಟ್ಟಿಕೊಂಡವನಿಗೆ ರಸ್ತೆ ಕಾಣುತ್ತಿರಲಿಲ್ಲ. ಆದ್ದರಿಂದ ಹಿಂದಿನಿಂದ ನಾಲ್ಕು ಜನ ನನ್ನನ್ನು ನೂಕುತ್ತಿದ್ದರು. ಗಂಟೆಗೆ ನೂರ ಎಂಬತ್ತು ಓಡಬಲ್ಲ ನಾನು ಆರು ಮದುವೆ ಸೀಸನ್ನು ನೂಕಿಸಿಕೊಂಡು ಕಳೆದೆ. ಮಂಗನ ಕೈಯಲ್ಲಿ ಮಾಣಿಕ್ಯ ಎನ್ನುತ್ತಾರಲ್ಲ, ಮಂಗವಾದರೂ ಮಾಣಿಕ್ಯವನ್ನು ನೂಕುವುದಿಲ್ಲ.

ಆಮೇಲೆ ಗೋಕುಲ ರಸ್ತೆಯ ಕಡೆ ಹಳೇ ಕಾರು ಮಾರುವ ಒಂದು ಅಂಗಳಕ್ಕೆ ಬಂದೆ. ಹಳೇ ಕಾರು ಕೊಳ್ಳಲು ಬರುವವರನ್ನು ಕೆಳಗಿನಿಂದ ನೋಡಬೇಕು, ಆಗ ಅವರ ಬುದ್ಧಿ ಪೂರ್ತಿ ಕಾಣುತ್ತದೆ. ಒಬ್ಬ ಬಂದು ಟೈರಿಗೆ ಒದೆಯುತ್ತಾನೆ. ಒದ್ದರೆ ಟೈರು ತನ್ನ ಜಾತಕ ಹೇಳುತ್ತದೆಯೇನೋ! ಇನ್ನೊಬ್ಬ ಬಾಗಿಲನ್ನು ಧಡಾರೆಂದು ಹಾಕಿ, ಸದ್ದು ಕೇಳಿ ತಲೆಯಾಡಿಸುತ್ತಾನೆ. ಮತ್ತೊಬ್ಬ ಒರಗಿ ನಿಂತು ಫೋಟೋ ತೆಗೆಸಿಕೊಂಡು, "ಆವರೇಜ್ ಎಷ್ಟ ಕೊಡತೈತ್ರಿ?" ಎಂದು ಕೇಳಿ ಹೋಗುತ್ತಾನೆ. ಅಂಗಳದ ಮಾಲೀಕನೇನೂ ಕಡಿಮೆಯವನಲ್ಲ. ಗಿರಾಕಿ ಬರುವ ಅರ್ಧ ಗಂಟೆ ಮೊದಲೇ ಎಂಜಿನ್ ಚಾಲೂ ಮಾಡಿ ಬಿಸಿ ಮಾಡಿಡುತ್ತಿದ್ದ. ಬಿಸಿ ಎಂಜಿನ್ ತನ್ನ ಕೆಮ್ಮನ್ನು ಮುಚ್ಚಿಕೊಳ್ಳುತ್ತದೆ. ನನಗೆ ಕೆಮ್ಮಿರಲಿಲ್ಲ. ಆದರೂ ಕೆಮ್ಮುವವರ ಸಾಲಿನಲ್ಲಿ ನಿಲ್ಲಿಸಿ ನನಗೂ ಅದೇ ಮದ್ದು ಕೊಟ್ಟ.

ನಿಜಕ್ಕೂ ನನ್ನನ್ನು ಅಲ್ಲಿ ಕೂರಿಸಿದ್ದು ನನ್ನ ನಂಬರು. ಎರಡು, ಒಂದು, ಎರಡು, ಮೂರು. ಕೂಡಿಸಿದರೆ ಎಂಟು. ಎಂಟು ಶನಿಯ ಸಂಖ್ಯೆಯಂತೆ. ಬ್ರೇಕು ಹಿಡಿಯುತ್ತದೆಯೇ ಎಂದು ನೋಡದವರೂ ನಂಬರನ್ನು ಬೆರಳ ಮೇಲೆ ಕೂಡಿಸಿ ನೋಡುತ್ತಿದ್ದರು. "ಗಾಡಿ ಛಲೋ ಐತಿ ಬಿಡ್ರಿ, ಆದ್ರ ಎಂಟ" ಎಂದು ಪಕ್ಕದ ಡಬ್ಬಾ ಗಾಡಿಯ ಹತ್ತಿರ ಹೋಗುತ್ತಿದ್ದರು. ಆ ಡಬ್ಬಾದ ನಂಬರು ಕೂಡಿಸಿದರೆ ಒಂಬತ್ತು. ಸದ್ದು ಅಡಗಲೆಂದು ಅದರ ಗೇರ್‌ಬಾಕ್ಸಿನಲ್ಲಿ ಮರದ ಪುಡಿ ತುಂಬಿದ್ದರು. ಆದರೇನು, ಒಂಬತ್ತಲ್ಲವೇ! ನನ್ನ ಬೆಲೆ ಇಳಿಯುತ್ತ ಇಳಿಯುತ್ತ ಒಬ್ಬ ಪಿಂಚಣಿದಾರನ ಕೈಗೆಟಕುವಷ್ಟಕ್ಕೆ ಬಂತು.

ಆ ಪಿಂಚಣಿದಾರನೇ ಗದಿಗೆಪ್ಪ. ಸಾರಿಗೆ ಸಂಸ್ಥೆಯ ಬಸ್ಸು ಓಡಿಸಿ ನಿವೃತ್ತನಾದವನು. ಹುಬ್ಬಳ್ಳಿಯಿಂದ ಕಾರವಾರಕ್ಕೆ ಮೂವತ್ತು ವರ್ಷ ಅದೇ ದಾರಿ. ಬಿಳಿ ಅಂಗಿ, ಧೋತರ, ತಲೆಯ ಮೇಲೆ ಬಿಳಿ ಟೋಪಿ. ಅವನನ್ನು ಕಂಡು ನಾನು ಒಳಗೊಳಗೇ ನಕ್ಕೆ. ಅವನ ಜೊತೆ ಇಬ್ಬರಿದ್ದರು: ಅಳಿಯ ಸಂಗಮೇಶ, ಮತ್ತು ಡಿಪೋದಲ್ಲಿ ಅವನ ಬಸ್ಸು ನೋಡಿಕೊಳ್ಳುತ್ತಿದ್ದ ಹಳೇ ಮೆಕ್ಯಾನಿಕ್ ದಾದಾಪೀರ್.

ಅವರು ಬಂದದ್ದು ಬೆಳಿಗ್ಗೆ, ಮಾಲೀಕ ಅಂಗಳದ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ. ಗದಿಗೆಪ್ಪ ಬೇರೇನೂ ಮಾಡದೆ ನನ್ನ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. "ತಣ್ಣಗೈತಿ. ಈಗ ಚಾಲೂ ಮಾಡ್ರಿ" ಎಂದ. ಮಾಲೀಕನ ಮುಖ ಸಪ್ಪಗಾಯಿತು. ನಾನು ಒಂದೇ ತಿರುವಿಗೆ ಎದ್ದೆ. ದಾದಾಪೀರ್ ನನ್ನ ಹೊಟ್ಟೆಯ ಕೆಳಗೆ ಹಳೇ ಪೇಪರು ಹಾಸಿ ಚಹಾ ಕುಡಿಯಲು ಹೋದ. ಬಂದು ಪೇಪರು ಎಳೆದು ನೋಡಿದ. ಎಣ್ಣೆಯ ಒಂದು ಹನಿಯೂ ಇರಲಿಲ್ಲ. ಡಿಕ್ಕಿಯ ಚಾಪೆ ಎತ್ತಿ ಬೆಸುಗೆ ಹಾಕಿದ್ದಾರೆಯೇ ಎಂದು ಹುಡುಕಿದ, ನಾಲ್ಕೂ ಟೈರಿನ ಮೇಲೆ ಬೆರಳಾಡಿಸಿದ. "ಎಲ್ಲಾ ಒಂದ ಸಮ ಸವದಾವ. ಎಲ್ಲೂ ಹೊಡಿಸಿಕೊಂಡಿಲ್ರಿ ಅಣ್ಣಾರ" ಎಂದ. ಇಷ್ಟು ವರ್ಷದಲ್ಲಿ ನನ್ನನ್ನು ಓದಲು ಬಂದವರು ಇವರಿಬ್ಬರೇ.

ಸಂಗಮೇಶ ಅಷ್ಟರಲ್ಲಿ ನಂಬರು ಕೂಡಿಸಿ ಮುಗಿಸಿದ್ದ. "ಮಾವಾರ, ಎಂಟ ಬರತೈತಿ. ಬ್ಯಾಡ್ರಿ."

"ಮೂವತ್ತ ವರ್ಷ ಬಸ್ ಹೊಡದೀನಿ. ಒಬ್ಬ ಪ್ಯಾಸೆಂಜರ್ ಆದ್ರೂ ನಂಬರ ಕೂಡಿಸಿ ಹತ್ಯಾನೇನು?" ಎಂದ ಗದಿಗೆಪ್ಪ.

"ಆತು ಬಿಡ್ರಿ. ಆದ್ರ ಇದರಾಗ ಇಬ್ಬರ ಕುಂದ್ರಬೋದು. ಅಷ್ಟ ರೊಕ್ಕಕ್ಕ ಏಳ ಮಂದಿ ಕುಂದ್ರೂ ಗಾಡಿ ಬರತೈತಿ. ಮನಿ ಮಂದಿ ಎಲ್ಲಿ ಕುಂದರಬೇಕು?"

"ಮಂದಿ ಬಸ್ಸಿನ್ಯಾಗ ಬರಲಿ."

ಅಳಿಯ ಮುಖ ಊದಿಸಿಕೊಂಡು ಆಚೆ ಹೋದ ಮೇಲೆ ದಾದಾಪೀರ್ ಮೆಲ್ಲಗೆ ಕೇಳಿದ: "ಖರೇ ಹೇಳ್ರಿ, ಈ ವಯಸ್ಸಿನ್ಯಾಗ ಇದ್ಯಾಕ?"

ಗದಿಗೆಪ್ಪ ನನ್ನ ಎಡಗಡೆ ಸೀಟನ್ನು ನೋಡುತ್ತ ಹೇಳಿದ: "ನಮ್ಮಾಕಿ ಮೂವತ್ತ ವರ್ಷ ನನ್ನ ಬಸ್ಸಿನ್ಯಾಗ ತವರಿಗೆ ಹೋಗ್ಯಾಳ. ಹಿಂದ ಕುಂತು ನನ್ನ ಬೆನ್ನ ನೋಡ್ಯಾಳ. ಡ್ರೈವರ್ ಜೋಡಿ ಮಾತಾಡಬ್ಯಾಡ್ರಿ ಅಂತ ಬಸ್ಸಿನ್ಯಾಗ ಬರದಿರತೈತಲ್ಲ, ಒಂದ ಮಾತ ಆಡಿಲ್ಲ. ಈಗ ದೊಡ್ಡ ಗಾಡಿ ತಗೊಂಡ್ರ ಏನ್ ಆಕ್ಕೈತಿ? ಬಾಜೂಕ ಅಳಿಯಾ ಕುಂದರತಾನ. ಆಕಿ ಮತ್ತ ಹಿಂದ, ಮೊಮ್ಮಕ್ಕಳ ಜೋಡಿ. ಆಕಿ ನನ್ನ ಬಾಜೂಕ ಕುಂದರಬೇಕಂದ್ರ ಗಾಡ್ಯಾಗ ಬ್ಯಾರೆ ಸೀಟ ಇರಬಾರದು."

ಕಾರಣ ಕೇಳಿ ನನಗೆ ತಿರಸ್ಕಾರವೇ ಬಂತು. ವೇಗವಲ್ಲ, ತಿರುವಲ್ಲ, ಹೆಂಡತಿ ಕೂರಬೇಕಂತೆ! ಆದರೆ ಅವನು ನನ್ನೊಳಗೆ ಕೂತು, ಮಾಡಿಗೆ ತಾಗಿ ಬಿದ್ದ ಟೋಪಿಯನ್ನು ಜೇಬಿಗೆ ತುರುಕಿ, ಗೇರು ಹಾಕಿದಾಗ ನಾನು ಬಾಯಿ ಮುಚ್ಚಿಕೊಂಡೆ. ಗೇರು ಬಿದ್ದದ್ದೇ ನನಗೆ ತಿಳಿಯಲಿಲ್ಲ. ಅಂಥ ಕೈ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ಇಷ್ಟೆಲ್ಲ ಪರೀಕ್ಷೆ ಮಾಡಿದ ಜಾಣರು ಒಂದನ್ನು ಮರೆತಿದ್ದರು. ಗಾಡಿ ನೋಡಲು ಗಂಡಸರು ಹೋಗುತ್ತಾರೆ, ಮನೆಗೆ ಬಂದ ಮೇಲೆ ಹೆಂಗಸರು ಆರತಿ ಎತ್ತುತ್ತಾರೆ. ಆ ಮನೆಯ ಪದ್ಧತಿ ಅದು. ಯಾರಿಗಾಗಿ ಸೀಟು ಕೊಂಡರೋ ಅವಳನ್ನು ಒಮ್ಮೆ ಅದರಲ್ಲಿ ಕೂರಿಸಿ ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ಗದಿಗೆಪ್ಪನ ಹೆಂಡತಿ ನೀಲವ್ವನಿಗೆ ಎರಡೂ ಮೊಣಕಾಲು ನೋವು. ಆರತಿ ಮುಗಿಯಿತು, ಗಾಲಿಯ ಕೆಳಗಿನ ನಿಂಬೆಹಣ್ಣು ಒಡೆಯಿತು. ನೀಲವ್ವ ನಗುತ್ತ ನನ್ನೊಳಗೆ ದೊಪ್ಪೆಂದು ಕೂತಳು. ಓಣಿಯ ತುದಿಯವರೆಗೆ ಹೋಗಿ ಬಂದ ಮೇಲೆ ಅವಳಿಗೆ ಏಳಲು ಆಗಲಿಲ್ಲ. ಮಗಳು ಒಂದು ಕೈ, ಪಕ್ಕದ ಮನೆಯವಳು ಒಂದು ಕೈ ಹಿಡಿದು ಬಾವಿಯಿಂದ ಕೊಡ ಸೇದಿದಂತೆ ಅವಳನ್ನು ಮೇಲೆತ್ತಿದರು.

"ನಾ ಮೊದಲ ಹೇಳಿದ್ನಿ" ಎಂದ ಸಂಗಮೇಶ. ಹೇಳಿದ್ದು ನಂಬರಿನ ಮಾತು, ಮೊಣಕಾಲಿನದಲ್ಲ. ಇಂಥವರಿಗೆ ಗೆಲ್ಲಲು ಯಾವ ಸೋಲಾದರೂ ಸಾಕು.

ಗದಿಗೆಪ್ಪ ಕೀಲಿಯನ್ನು ಜೇಬಿಗೆ ಹಾಕಿಕೊಂಡ. "ನಾಳೆ ವಾಪಸ್ ಕೊಟ್ಟ ಬರತೀನಿ" ಎಂದ.

"ಯಾಕ ಕೊಡತೀರಿ?" ಎಂದಳು ನೀಲವ್ವ, ಮೊಣಕಾಲು ನೀವಿಕೊಳ್ಳುತ್ತ. "ಹತ್ತಾಕ ಬರತೈತಿ, ಇಳಿಯಾಕ ಬರೂದಿಲ್ಲ. ಅಷ್ಟ ಅಲ್ರಿ? ಮತ್ತ ಇಳಸಬ್ಯಾಡ್ರಿ. ಹೋಗೂಣು."

ಮರುದಿನ ಹೋದರು. ಕಲಘಟಗಿ ದಾಟಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟದ ಕಡೆಗೆ. ನನ್ನಲ್ಲಿ ವೇಗಕ್ಕೆ ಕಟ್ಟು ಹಾಕುವ ಗವರ್ನರ್ ಇಲ್ಲ, ಆದರೆ ಗದಿಗೆಪ್ಪನ ಬಲಗಾಲಿನಲ್ಲಿ ಇತ್ತು. ಮುಳ್ಳು ಅರವತ್ತರ ಮೇಲೆ ಏಳಲಿಲ್ಲ. ನಾನು ಅವನನ್ನು ಶಪಿಸತೊಡಗಿದ್ದೆ. ಆಗ ನೀಲವ್ವ ಹೇಳಿದಳು: "ಬಸ್ಸಿನ್ಯಾಗೂ ಇಷ್ಟ ಹೋಗತಿದ್ರಿ. ಮತ್ತ ಈ ಕೆಂಪ ಗಾಡಿ ಯಾಕ? ಜೋರ ಹೋಗ್ರಿ."

ಅವನು ಹೋದ. ನನ್ನ ಬಾಳಿನಲ್ಲಿ ನಾನು ಕಾರಾಗಿದ್ದದ್ದು ಆ ಘಟ್ಟದಲ್ಲಿ. ಮೂವತ್ತು ವರ್ಷ ಆ ದಾರಿಯ ಒಂದೊಂದು ತಿರುವನ್ನೂ ಬಸ್ಸಿನ ಭಾರದಲ್ಲಿ ಕಲಿತವನು, ಈಗ ಅದನ್ನು ನನ್ನ ಹಗುರ ಮೈಯಲ್ಲಿ ಬಿಡಿಸಿ ತೋರಿಸಿದ. ಒಂದು ಸಲವೂ ಬ್ರೇಕು ಕಿರುಚಲಿಲ್ಲ. ನನಗೆ ಸಂತೋಷವಾಯಿತು. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಘಟ್ಟ ಇಳಿದ ಮೇಲೆ ನೀಲವ್ವ ಮಾತು ಶುರುಮಾಡಿದಳು. ಎಷ್ಟು ಮಾತು! ನನ್ನೊಳಗೆ ಮಾತಾಡಬೇಡಿ ಎಂದು ಯಾರೂ ಬರೆದಿರಲಿಲ್ಲವಲ್ಲ. "ಮಗಳ ಮೂರ ತಿಂಗಳಾಕಿ ಇದ್ದಾಗ ನಿಮ್ಮ ಬಸ್ಸಿಗೆ ಎಮ್ಮಿ ಅಡ್ಡ ಬಂತು. ನೀವು ಬ್ರೇಕ್ ಹಾಕಿದ್ರಿ. ಕೂಸು ನನ್ನ ಕೈಯಿಂದ ಜಾರಿತ್ರಿ, ಯಾರೋ ಹಿಡದ್ರು. ನೀವು ಹಿಂದ ತಿರುಗಿ ನೋಡಲೂ ಇಲ್ಲ. ಅವತ್ತಿಂದ ನನ್ನ ಎದಿಯೊಳಗ ಐತಿ ಅದು."

ಗದಿಗೆಪ್ಪ ವೇಗ ಇಳಿಸಿದ. ಆಮೇಲೆ, "ಕನ್ನಡಿಯೊಳಗ ನೋಡಿದ್ದೆ" ಎಂದ. "ಅಂಕೋಲಾ ಮುಟ್ಟೂತನಕ ರಸ್ತೆ ಕಡಿಮಿ ನೋಡೀನಿ, ಕನ್ನಡಿ ಹೆಚ್ಚ ನೋಡೀನಿ. ನಲವತ್ತ ಮಂದಿ ಜೀವ ಹಿಂದ ಇತ್ತು, ತಪ್ಪ ಮಾಡೀನಿ."

ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಂಕೋಲೆಯಲ್ಲಿ ಇಳಿಯಲಿಲ್ಲ. ಕಿಟಕಿಯಿಂದಲೇ ಎಳನೀರು ಕುಡಿದು ತಿರುಗಿ ಬಂದರು.

ಏಳು ವರ್ಷ ಹೀಗೆ ನಡೆಯಿತು. ಪ್ರತಿ ಭಾನುವಾರ ಎಲ್ಲಿಗಾದರೂ ಹೋಗುವುದು, ಎಲ್ಲಿಯೂ ಇಳಿಯದಿರುವುದು. ಗಿರಮಿಟ್ಟು, ಮಿರ್ಚಿ ಕಿಟಕಿಯಿಂದ ಒಳಗೆ ಬರುತ್ತಿದ್ದವು, ಎಣ್ಣೆ ನನ್ನ ಸೀಟಿಗೆ ಇಳಿಯುತ್ತಿತ್ತು. ಮಾತು ಹೆಚ್ಚಾದಂತೆ ವೇಗ ಕಡಿಮೆಯಾಯಿತು. ಕೊನೆಕೊನೆಗೆ ಎತ್ತಿನ ಗಾಡಿಯವರು ಹಿಂದಿನಿಂದ ದಾರಿ ಬಿಡಿರೆಂದು ಕೂಗುತ್ತಿದ್ದರು. ಎಂಜಿನ್ ವಿಷಯದಲ್ಲಿ ನಾನು ಒಂದು ದಿನವೂ ಕೈಕೊಡಲಿಲ್ಲ. ಕೈಕೊಟ್ಟದ್ದು ನೀಲವ್ವನ ಮೊಣಕಾಲು. ಶುಗರು ಇದ್ದುದರಿಂದ ಡಾಕ್ಟರು ಆಪರೇಷನ್ ಬೇಡವೆಂದರು. ಮೂವರು ಎತ್ತಿದರೂ ಅವಳು ನನ್ನೊಳಗಿಂದ ಏಳಲಾರದ ದಿನ ಬಂತು. ಅಂದು ಅವಳು ನೋವಿಗೆ ಅತ್ತಳು. ಗದಿಗೆಪ್ಪ ನನ್ನ ಕೀಲಿಯನ್ನು ಗೂಟಕ್ಕೆ ಹಾಕಿದ.

ಅದಾದ ವಾರಕ್ಕೆ ದಾದಾಪೀರ್ ನಟ್ಟು ಬಿಚ್ಚುವ ಪಾನಾ ಹಿಡಿದು ಬಂದ. ಗದಿಗೆಪ್ಪನೂ ಅವನೂ ಸೇರಿ ನನ್ನ ಎಡಗಡೆ ಸೀಟನ್ನು ಬಿಚ್ಚಿದರು. ಅದಕ್ಕೆ ಎತ್ತರದ ಕಬ್ಬಿಣದ ಕಾಲು ಬೆಸೆದು ಮನೆ ಮುಂದಿನ ಕಟ್ಟೆಯ ಮೇಲೆ ಇಟ್ಟರು. ನೀಲವ್ವ ಅದರಲ್ಲಿ ಸಲೀಸಾಗಿ ಕೂತಳು, ಸಲೀಸಾಗಿ ಎದ್ದಳು. ನಾನು ಒಂದು ಕಣ್ಣು ಕಳೆದುಕೊಂಡವರಂತೆ ನಿಂತೆ.

ನನ್ನನ್ನು ಕೇಳಿಕೊಂಡು ಧಾರವಾಡದಿಂದ ಒಬ್ಬಳು ಪಶುವೈದ್ಯೆ ಬಂದಳು. ಅವಳು ಟೈರಿಗೆ ಒದೆಯಲಿಲ್ಲ, ನಂಬರು ಕೂಡಿಸಲಿಲ್ಲ. ತಣ್ಣಗಿದ್ದ ಬಾನೆಟ್ಟಿನ ಮೇಲೆ ಕೈಯಿಟ್ಟು, ಚಾಲೂ ಮಾಡಿಸಿ, ಕಣ್ಣು ಮುಚ್ಚಿ ಕೇಳಿದಳು. "ಮೂರು ವರ್ಷದಿಂದ ಇದನ್ನ ಹುಡುಕ್ತಿದ್ದೆ, ಕಾಕಾ" ಎಂದಳು. ನನಗೆ ಜೀವ ಬಂದಂತಾಯಿತು. ಕೊನೆಗೂ ಮನುಷ್ಯಳೊಬ್ಬಳು! ಇವಳ ಕೈಯಲ್ಲಿ ನಾನು ಇನ್ನೂ ಹತ್ತು ವರ್ಷ ಘಟ್ಟ ಹತ್ತಬಹುದಿತ್ತು.

"ಗಾಡಿ ಒಯ್ಯವಾ. ಸೀಟ ಮಾತ್ರ ಕೊಡಾಂಗಿಲ್ಲ" ಎಂದ ಗದಿಗೆಪ್ಪ.

"ಕಂಪನಿ ಮುಚ್ಚೇದ ಕಾಕಾ, ಇದರ ಸೀಟು ಬೇರೆ ಎಲ್ಲೂ ಸಿಗೂದಿಲ್ಲ. ನಿಮಗ ಹೊಸಾ ಕುರ್ಚಿ ನಾನೇ ತಂದುಕೊಡ್ತೀನಿ, ಮೆತ್ತನ್ನದು."

ಉತ್ತರ ಕೊಟ್ಟವಳು ನೀಲವ್ವ. "ಬ್ಯಾಡವಾ ತಂಗಿ. ಕುರ್ಚಿ ಮ್ಯಾಲೆ ಕುಂತ್ರ ಇವರು ಪೇಪರ್ ಓದತಾರ. ಇದರ ಬಾಜೂಕ ನಿಂತ್ರ ಮಾತಾಡತಾರ."

ಪಶುವೈದ್ಯೆ ಅವರಿಬ್ಬರನ್ನೂ ನೋಡಿದಳು, ನನ್ನನ್ನು ಒಮ್ಮೆ ಸವರಿದಳು, ಸೀಟನ್ನು ಮತ್ತೆ ಕೇಳದೆ, ನನ್ನನ್ನೂ ಒಯ್ಯದೆ ಹೊರಟು ಹೋದಳು. ನಿಂತು ಮಾತಾಡಿ ಗದಿಗೆಪ್ಪನಿಗೆ ಕಾಲು ಸೋಲುತ್ತಿತ್ತು. ಮರುದಿನವೇ ದಾದಾಪೀರನನ್ನು ಕರೆಸಿ ಬಲಗಡೆಯ ಸೀಟನ್ನೂ ಬಿಚ್ಚಿಸಿದ.

ಈಗ ನಾನು ಮನೆಯ ಪಕ್ಕದ ಸಂದಿಯಲ್ಲಿ ತಗಡಿನ ಕೆಳಗೆ ನಿಂತಿದ್ದೇನೆ. ನನ್ನ ಹೊಟ್ಟೆಯಲ್ಲಿ ಬೆಕ್ಕು ಮರಿ ಹಾಕಿದೆ. ಎಂಜಿನ್ ಇವತ್ತಿಗೂ ಒಂದೇ ತಿರುವಿಗೆ ಏಳುತ್ತದೆ, ತಿರುಗಿಸುವವರಿಲ್ಲ. ಸಂಜೆಯಾದರೆ ಕಟ್ಟೆಯ ಮೇಲೆ ಅವರಿಬ್ಬರೂ ಅಕ್ಕಪಕ್ಕ ಕೂರುತ್ತಾರೆ. ಅವಳು ಎಡಕ್ಕೆ, ಅವನು ಬಲಕ್ಕೆ. ಅವಳು ಹೇಳುತ್ತಾಳೆ, ಅವನು ಹೂಂ ಎನ್ನುತ್ತಾನೆ. ಕಾರು ಆರಿಸಲು ಬಾರದವರನ್ನು ಕಂಡು ನಾನು ಬಾಳೆಲ್ಲ ನಕ್ಕಿದ್ದೇನೆ. ಗದಿಗೆಪ್ಪನೊಬ್ಬನಾದರೂ ನನ್ನನ್ನು ಸರಿಯಾಗಿ ಆರಿಸಿದ ಎಂದು ಹೆಮ್ಮೆಪಟ್ಟಿದ್ದೆ. ಅವನು ಆರಿಸಿದ್ದು ಎರಡು ಸೀಟನ್ನು. ಅವುಗಳ ಸುತ್ತ ಒಂದು ಕಾರು ಇತ್ತು, ಅಷ್ಟೇ.