ಎಡಿತ್ ವಾದರ್‌ಸೆಟ್‌ಳ ಹಿಂದೆ ಮೊದಲು ಯಾರು

ಮಾರ್ಚ್ ಮುಗಿಯುತ್ತ ಬಂದಿತ್ತು, ಕುರಿಗಳು ಈಯುವುದಕ್ಕೆ ಇನ್ನೂ ಸ್ವಲ್ಪ ದಿನ ಇತ್ತು. ಆ ಗುರುವಾರ ಬೆಳಗ್ಗೆ ಎಂಟು ಗಂಟೆಗೆ ನೆರೆಮನೆಯ ರೂತ್ ಪೀಕಾಕ್ ಸತ್ತವಳ ಅಡಿಗೆಮನೆಯಲ್ಲಿ ನಿಂತು, ಬೇಯಿಸಿ ಆರಿಸಿದ ಹಂದಿತೊಡೆಯನ್ನು ತೆಳ್ಳಗೆ ಹೆಚ್ಚುತ್ತಿದ್ದಳು. ನಮ್ಮ ಕಣಿವೆಯಲ್ಲಿ ಮಣ್ಣಿಗೆ ಬಂದವರನ್ನು ಹಂದಿತೊಡೆ ತಿನ್ನಿಸದೆ ಕಳಿಸಿದರೆ ಸತ್ತವರಿಗೆ ಅವಮಾನ. ಹೆಚ್ಚುವುದು ಕಷ್ಟವಲ್ಲ. ಕಷ್ಟವೆಂದರೆ ಮೇಜಿನ ಆಚೆ ಕೂತು ಮಾತಾಡುತ್ತಿದ್ದ ಗಂಡಸು.

ಆತನ ಹೆಸರು ಜೆರಾಲ್ಡ್ ವಾದರ್‌ಸೆಟ್. ಲೆಸ್ಟರ್ ಊರಿನವನು, ವಿಮಾ ಕಚೇರಿಯಿಂದ ನಿವೃತ್ತನಾದವನು. ವಾದರ್‌ಸೆಟ್ ಎಂಬ ಮನೆತನದ ಹೆಸರು ಇರುವವರನ್ನೆಲ್ಲ ಹುಡುಕಿ ಒಂದು ಸಂಘ ಕಟ್ಟಿದ್ದ. ಸಂಘಕ್ಕೆ ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆಯೂ ಇತ್ತು. ಸತ್ತ ಎಡಿತ್ ವಾದರ್‌ಸೆಟ್ ಆ ಸಂಘಕ್ಕೆ ಯಾವತ್ತೂ ಸೇರಿರಲಿಲ್ಲ. ಒಮ್ಮೆ ಅವನು ಮನೆ ಹುಡುಕಿಕೊಂಡು ಬಂದಾಗ, ನಿಮ್ಮ ತಾತ ಬಿಟ್ಟು ಹೋದ ಜಾಗಕ್ಕೆ ನಿಮಗೇನು ಕೆಲಸ ಎಂದು ಕೇಳಿ, ಒಂದು ಲೋಟ ಚಹಾ ಕೊಟ್ಟು ಕಳಿಸಿದ್ದಳು.

ಜೆರಾಲ್ಡ್ ಹೇಳುತ್ತಿದ್ದ: ವಾದರ್‌ಸೆಟ್ ಎಂಬುದು ಜನರ ಹೆಸರಾಗುವ ಮೊದಲು ಜಾಗದ ಹೆಸರು. ಸಾವಿರ ವರ್ಷದ ಹಿಂದೆ ಸಮುದ್ರ ದಾಟಿ ಬಂದವರು ಬೇಸಿಗೆಯಲ್ಲಿ ದನ ಮೇಯಿಸಲು ಗುಡ್ಡದ ಮೇಲೆ ಗುಡಿಸಲು ಹಾಕುತ್ತಿದ್ದರು. ಅಂಥದ್ದಕ್ಕೆ ಸೆಟ್ ಎನ್ನುವುದು. ವಾದರ್ ಎಂಬವನೊಬ್ಬನ ಗುಡಿಸಲು ಈ ಮನೆಯ ಹಿಂದೆಯೇ ಇದ್ದಿರಬೇಕು.

ಮನೆಯ ಹಿಂದೆ ಇರುವುದು ಕೋಳಿಗೂಡು ಎಂದು ರೂತ್ ಹೇಳಿದಳು.

ಅವನು ಅದಕ್ಕೂ ತಲೆಯಾಡಿಸಿದ. ಇಡೀ ಲೋಕದಲ್ಲಿ ಆ ಹೆಸರಿನವರು ಮೊನ್ನೆಯವರೆಗೆ ಹತ್ತೊಂಬತ್ತು ಜನ ಇದ್ದರಂತೆ. "ಈಗ ಹದಿನೆಂಟು ಕಣಮ್ಮ," ಎಂದ. ಎದೆಯ ಬಿಲ್ಲೆಯನ್ನು ಒಮ್ಮೆ ಮುಟ್ಟಿಕೊಂಡ. ಇವನನ್ನು ಬೈಯುವಂತೆಯೂ ಇಲ್ಲ, ತಡೆದುಕೊಳ್ಳುವಂತೆಯೂ ಇಲ್ಲ ಎಂದು ರೂತ್‌ಗೆ ಮೈ ಪರಚಿಕೊಳ್ಳುವಂತಾಯಿತು. ಕಾಲು ತೆಗೀರಿ, ಸಾಸಿವೆ ಡಬ್ಬಿ ಆ ಕಪಾಟಿನಲ್ಲಿದೆ ಎಂದಳು.

ಅವನ ಜೊತೆ ಇನ್ನೂ ಮೂವರು ವಾದರ್‌ಸೆಟ್‌ಗಳು ಬಂದಿದ್ದರು. ಇಬ್ಬರು ಕೆನಡಾದಿಂದ. ಎಡಿತ್‌ಳ ಮುಖ ನೋಡಿದವರು ಆ ಮೂವರಲ್ಲಿ ಒಬ್ಬರೂ ಇಲ್ಲ. ಆದರೆ ಶವದ ಪೆಟ್ಟಿಗೆಯ ಹಿಂದೆ ನಡೆಯುವ ಹಕ್ಕು ತಮ್ಮದೇ ಎಂದು ಅವರು ತೀರ್ಮಾನ ಮಾಡಿಬಿಟ್ಟಿದ್ದರು. ರೂತ್‌ಳ ಹೊಟ್ಟೆ ಉರಿಯುತ್ತಿದ್ದುದು ಅದಕ್ಕೆ.

ನಮ್ಮಲ್ಲಿ ಹೊರುವುದು ನೆರೆಯವರ ಕೆಲಸ, ಹಿಂದೆ ನಡೆಯುವುದು ಮನೆಯವರ ಕೆಲಸ. ಪೆಟ್ಟಿಗೆಯ ಹಿಂದೆ ಎಲ್ಲರಿಗಿಂತ ಮುಂದೆ ನಡೆಯುವವರು ಸತ್ತವರಿಗೆ ಎಲ್ಲರಿಗಿಂತ ಹತ್ತಿರದವರು. ಗಂಡನೋ ಹೆಂಡತಿಯೋ ಇದ್ದರೆ ಅವರು, ಇಲ್ಲವಾದರೆ ಮಕ್ಕಳು. ಎಡಿತ್‌ಗೆ ಗಂಡನಿಲ್ಲ, ಮಕ್ಕಳಿಲ್ಲ. ಆದರೆ ಎಡಿತ್‌ಗೆ ಹತ್ತಿರದವನು ಯಾರು ಎಂಬುದು ಇಡೀ ಕಣಿವೆಗೆ ಗೊತ್ತಿತ್ತು. ಆ ಹತ್ತಿರದವನು ಆಗ ಹಿತ್ತಲಲ್ಲಿ ಕಪ್ಪು ಕೋಟು ಹಾಕಿಕೊಂಡು ಅವಳ ಕೋಳಿಗಳಿಗೆ ಕಾಳು ಎಸೆಯುತ್ತಿದ್ದ.

*

ರೂಬೆನ್ ಆಲ್ಡರ್ಸನ್ ಎಂದು ಹೆಸರು. ಊರಿನಲ್ಲಿ ಹಾಗೆಂದರೆ ಯಾರಿಗೂ ತಿಳಿಯುವುದಿಲ್ಲ. ಕಣಿವೆಯ ತುಂಬ ಆಲ್ಡರ್ಸನ್‌ಗಳೇ. ಶಾಲೆಯಲ್ಲಿ ಮೇಷ್ಟ್ರು ಆಲ್ಡರ್ಸನ್ ಎಂದರೆ ಅರ್ಧ ತರಗತಿ ಎದ್ದು ನಿಲ್ಲುತ್ತಿತ್ತು. ಅದಕ್ಕೇ ಪ್ರತಿ ಮನೆಗೂ ಒಂದು ಅಡ್ಡಹೆಸರು. ಬಿಳಿಕುದುರೆ ಆಲ್ಡರ್ಸನ್, ಸೇತುವೆ ಆಲ್ಡರ್ಸನ್, ಗಡ್ಡದ ಆಲ್ಡರ್ಸನ್. ರೂಬೆನ್‌ನ ತಾತ ಗುಡ್ಡಕ್ಕೆ ಹೋಗುವಾಗ ಚಹಾ ಕೆಟ್ಲಿಯನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದನಂತೆ. ಅಲ್ಲಿಂದ ಇವರು ಕೆಟ್ಲಿಯವರು. ವಾದರ್‌ಸೆಟ್ ಮನೆಗೆ ಮಾತ್ರ ಅಡ್ಡಹೆಸರು ಬೇಕಾಗಲಿಲ್ಲ. ಆ ಹೆಸರು ಒಂದೇ ಮನೆಯದು.

ಆಗ ಎರಡನೇ ಮಹಾಯುದ್ಧ ಮುಗಿದು ಕೆಲವು ವರ್ಷವಾಗಿತ್ತು. ಎಡಿತ್‌ಳ ಅಣ್ಣ ಆಫ್ರಿಕದ ಮರಳಲ್ಲಿ ಸತ್ತಿದ್ದ, ಅಪ್ಪ ಹಾಸಿಗೆ ಹಿಡಿದಿದ್ದ. ಹುಲ್ಲು ಕೊಯ್ಯುವ ಕಾಲ. ಅವಳದು, ಪಕ್ಕದ ರೂಬೆನ್‌ನದು, ಎರಡೂ ಮನೆಯ ಹುಲ್ಲನ್ನು ಇಬ್ಬರೂ ಸೇರಿ ಒಟ್ಟುತ್ತಿದ್ದಾಗ, ಮಳೆ ಮೋಡ ನೋಡುತ್ತಲೇ ರೂಬೆನ್ ಮದುವೆಯ ಮಾತು ತೆಗೆದ. ಹುಲ್ಲಿನ ಬಂಡಿಯ ಮೇಲಿದ್ದ ರೂತ್ ಅದನ್ನು ಕಿವಿಯಾರೆ ಕೇಳಿದಳು. ಆಗ ಅವಳು ಇನ್ನೂ ಹುಡುಗಿ.

ಎಡಿತ್ ಬೇಡ ಎನ್ನಲಿಲ್ಲ. ಕವಲುಗೋಲನ್ನು ನೆಲಕ್ಕೆ ಚುಚ್ಚಿ ನಿಂತಳು.

"ಕಲ್ಲು ಎತ್ತಿದ್ರೆ ಕೆಳಗೊಬ್ಬ ಆಲ್ಡರ್ಸನ್ ಸಿಗ್ತಾನೆ ಈ ಕಣಿವೇಲಿ. ಇನ್ನೊಬ್ಬಳು ಮಿಸಸ್ ಆಲ್ಡರ್ಸನ್ ಯಾಕೆ ಬೇಕು ಇವರಿಗೆ? ನಾನು ಹೋದ್ರೆ ಈ ಮನೆ ಹೆಸರು ಹೇಳೋರು ಯಾರೂ ಇಲ್ಲ. ನೀನೇ ವಾದರ್‌ಸೆಟ್ ಆಗು. ನಾಳೆ ಚರ್ಚಿಗೆ ಬರ್ತೀನಿ."

ರೂಬೆನ್ ನಕ್ಕ. ಅವಳು ನಗದಿದ್ದಾಗ ಅವನೂ ನಿಲ್ಲಿಸಿದ. ಹೆಂಡತಿಯ ಹೆಸರು ಹೊತ್ತವನನ್ನು ದನದ ಸಂತೆಯಲ್ಲಿ ಯಾರು ಮಾತಾಡಿಸುತ್ತಾರೆ, ನಮ್ಮಪ್ಪ ನನ್ನನ್ನು ಹೊಸಿಲು ತುಳಿಯಗೊಡುವುದಿಲ್ಲ ಎಂದ. ಅವಳು, ಹಾಗಾದರೆ ಹುಲ್ಲು ಒಟ್ಟು, ಮಳೆ ಬರುತ್ತೆ ಎಂದಳು.

ಇವತ್ತಲ್ಲ ನಾಳೆ ಅವಳು ಸೋಲುತ್ತಾಳೆ ಎಂದು ಅವನು ಕಾದ. ಅವನು ಸೋಲುತ್ತಾನೆ ಎಂದು ಅವಳು. ಹಾಗೆ ಕಾಯುತ್ತಲೇ ಪ್ರತಿ ಭಾನುವಾರ ಅವನು ಅವಳ ಮನೆಯಲ್ಲಿ ಊಟ ಮಾಡಿದ. ಅವಳ ಕುರಿಗಳ ಉಣ್ಣೆ ಕತ್ತರಿಸಿದ. ಅವಳು ಅವನ ಅಂಗಿಗೆ ಗುಂಡಿ ಹೊಲಿದಳು. ರಾತ್ರಿಯಾದರೆ ಅವನು ಗೋಡೆ ದಾಟಿ ತನ್ನ ಮನೆಗೆ. ನಲವತ್ತು ವರ್ಷ. ನೋಡಿ ನೋಡಿ ಊರಿಗೆ ಬೇಸರ ಬಂದು, ಕೊನೆಗೆ ನೋಡುವುದನ್ನೇ ಬಿಟ್ಟಿತು.

*

ರೂತ್ ಚಾಕು ಇಟ್ಟು ಹಿತ್ತಲಿಗೆ ಹೋದಳು.

"ಕೋಳಿಗೆ ಆಮೇಲೆ ಹಾಕಿದ್ರೂ ಆಗುತ್ತೆ. ಲೆಸ್ಟರ್ ಮನುಷ್ಯ ಎಲ್ಲರನ್ನೂ ಸಾಲು ನಿಲ್ಲಿಸ್ತಿದಾನೆ. ನೀನು ಹೋಗಿ ಮುಂದೆ ನಿಂತ್ಕೋ. ಬೇಡ ಅನ್ನೋರು ಯಾರೂ ಇಲ್ಲ."

"ಏನಂತ ನಿಂತ್ಕೊಳ್ಲಿ?" ಎಂದ ರೂಬೆನ್. ಕಾಳು ಎಸೆಯುವುದು ನಿಲ್ಲಿಸಲಿಲ್ಲ.

"ಅವಳ ಮನೇಲಿ ನಲವತ್ತು ವರ್ಷ ಉಂಡಿದೀಯ."

"ಉಂಡೋರೆಲ್ಲ ನೆಂಟರಾದ್ರೆ ಪಾದ್ರೀನೂ ನೆಂಟನೇ."

ರೂತ್‌ಗೆ ರೇಗಿಹೋಯಿತು. ಹೊರುವ ವಯಸ್ಸು ನಿನಗೆ ದಾಟಿದೆ, ಹಿಂದೆ ನಡೆಯಲು ನೀನು ಮನೆಯವನಲ್ಲ, ಹಾಗಾದರೆ ಇವತ್ತು ನೀನು ಯಾರು, ಕೋಳಿ ಕಾಯುವವನಾ ಎಂದು ಕೇಳಿದಳು. ಬಾಯಿಂದ ಬಂದ ಮೇಲೆ ಸ್ವಲ್ಪ ಹೆಚ್ಚಾಯಿತು ಅನ್ನಿಸಿತು.

ರೂಬೆನ್ ಬೇಸರ ಮಾಡಿಕೊಳ್ಳಲಿಲ್ಲ. ಖಾಲಿ ಬಟ್ಟಲನ್ನು ಗೂಡಿನ ಮೇಲಿಟ್ಟ.

"ಅವಳಿಗೆ ನಾನು ನಡೀಬೇಕು ಅಂತ ಇದ್ದಿದ್ರೆ ಹೇಳಿರೋಳು, ರೂತ್. ಆಸ್ಪತ್ರೇಲಿ ಎಲ್ಲಾ ಹೇಳಿದಾಳೆ. ಯಾವ ಹಾಡು, ಯಾವ ಮರದ ಪೆಟ್ಟಿಗೆ, ಎಷ್ಟು ಹಂದಿತೊಡೆ ಅಂತ. ದಿನಾ ಹೋಗಿ ಪಕ್ಕದಲ್ಲಿ ಕೂತಿರ್ತಿದ್ದೆ. ನನಗೆ ಒಂದು ಮಾತು ಹೇಳ್ಲಿಲ್ಲ. ಹೇಳೋದ್ರಲ್ಲಿ ಅವಳೇನು ಕಡಿಮೆನಾ?"

ರೂತ್ ಆ ಬಟ್ಟಲನ್ನು ಎತ್ತಿಕೊಂಡಳು. ಅವನು ಗೋಡೆಯ ಬದಿಗೆ ಹೋಗಿ, ಬಂದಿದ್ದ ಊರವರ ಹಿಂದೆ, ಟೋಪಿ ಕೈಯಲ್ಲಿ ಹಿಡಿದು ನಿಂತುಕೊಂಡ.

ಹತ್ತೂವರೆ ಹೊತ್ತಿಗೆ ಅಂಗಳದಲ್ಲಿ ಒಂದು ಕಾರು ನಿಂತಿತು. ಅದರಿಂದ ಹೊಸ ಕಪ್ಪು ಕೈಗವಸು ಹಾಕಿಕೊಂಡ ಒಬ್ಬ ಮುದುಕ ಇಳಿದು, ಯಾರನ್ನು ಕಾಣಬೇಕು ಎಂದು ಕೇಳಿದ. ರೂತ್ ಅವನನ್ನು ಹಿಂದೆ ನೋಡಿರಲಿಲ್ಲ.

"ನಾನು ಲೆನರ್ಡ್ ಆಲ್ಡರ್ಸನ್," ಎಂದ. "ಪೆಟ್ಟಿಗೆ ಹಿಂದೆ ಮೊದಲು ನಡೆಯೋದು ನಾನೇ ಅಂತ ಹೇಳಿ ಕಳಿಸಿದಾರೆ."

ರೂತ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಣಿವೆ ಮುಗಿಯುವಲ್ಲಿನ ಪೇಟೆಯವನಂತೆ. ಹರಾಜು ಅಂಗಡಿಯಲ್ಲಿ ಗುಮಾಸ್ತನಾಗಿದ್ದವನು. ಎಡಿತ್ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ, ಒಂದು ಸಲ ಬಟ್ಟೆ ಹಿಂಡುವ ಯಂತ್ರವನ್ನು ಅವಳಿಗೆ ಕೊಡಿಸಿದ್ದೆ ಅನ್ನಿಸುತ್ತದೆ ಎಂದ. ಆಮೇಲೆ ಸ್ವಲ್ಪ ನಾಚಿಕೊಂಡು, ದನಿ ತಗ್ಗಿಸಿ, "ನನ್ನ ಮೇಲೆ ಅವರಿಗೆ ಇಷ್ಟು ಅಭಿಮಾನ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲಮ್ಮ," ಎಂದ.

ಅಷ್ಟರಲ್ಲಿ ಹತ್ತಿರ ಬಂದ ಜೆರಾಲ್ಡ್ ಇದನ್ನು ಕೇಳಿ ಕೆಂಪಾದ. ಹೆಸರಿನವರು ನಾಲ್ಕು ಜನ ಇಲ್ಲಿರುವಾಗ ಯಾವುದೋ ಆಲ್ಡರ್ಸನ್ ಮುಂದೆ ನಡೆಯುವುದು ಎಂದರೇನು ಎಂದು ಶುರು ಮಾಡಿದ. ಲೆನರ್ಡ್, ನಾನಾಗಿ ಬಂದವನಲ್ಲ, ಕರೆದಿದ್ದಾರೆ ಎಂದ. ಅಂಗಳದಲ್ಲಿ ಗಾಳಿ ಬೀಸುತ್ತಿತ್ತು. ಒಳಗೆ ಹೆಚ್ಚಿಟ್ಟ ಮಾಂಸದ ಮೇಲೆ ಬೆಕ್ಕು ಹತ್ತಿರಬಹುದು. ಇಬ್ಬರನ್ನೂ ಅಲ್ಲೇ ಬಿಟ್ಟು ರೂತ್ ಹಾಬ್ಸನ್‌ನನ್ನು ಹುಡುಕಿಕೊಂಡು ಹೋದಳು.

ಹಾಬ್ಸನ್ ಶವಸಂಸ್ಕಾರದ ಏರ್ಪಾಡು ಮಾಡುವವನು. ಬಯಲು ಸೀಮೆಯವನು, ನಮ್ಮ ಕಡೆಗೆ ಹೊಸಬ. ಕುಲಗೋತ್ರ ಗೊತ್ತಿಲ್ಲದವರನ್ನೆಲ್ಲ ಮುಂದೆ ನಿಲ್ಲಿಸಲು ನಿನಗೆ ಹೇಳಿದವರು ಯಾರು ಎಂದು ರೂತ್ ಅವನ ತೋಳು ಹಿಡಿದು ಕೇಳಿದಳು.

"ಅವರೇ ಹೇಳಿದ್ದಮ್ಮ, ಮಿಸ್ ವಾದರ್‌ಸೆಟ್," ಎಂದ ಹಾಬ್ಸನ್. "ಆಸ್ಪತ್ರೆಗೆ ಕರೆಸಿದ್ರು. ಎಲ್ಲಾ ಹೇಳಿ ಮುಗಿದ ಮೇಲೆ, ನನ್ನ ಹಿಂದೆ ಮೊದಲು ಆಲ್ಡರ್ಸನ್ ನಡೀಲಿ ಅಂದ್ರು. ಯಾವ ಆಲ್ಡರ್ಸನ್ ಅಂತ ಕೇಳ್ದೆ. ಸಿಡುಕಿಬಿಟ್ರು. ಯಾವ ಆಲ್ಡರ್ಸನ್ ಅಂದ್ರೆ ಏನಯ್ಯ, ಇರೋದು ಎಷ್ಟು ಜನ ಅಂದ್ರು. ಮತ್ತೆ ಕೇಳೋಣ ಅಂದ್ರೆ ಗೋಡೆ ಕಡೆ ತಿರುಗಿ ಮಲಗಿದ್ರು. ನಾನು ಏನು ಮಾಡ್ಲಿ? ಟೆಲಿಫೋನ್ ಪುಸ್ತಕ ತೆಗೆದ್ರೆ ಪುಟಗಟ್ಲೆ ಇದಾರೆ. ಮೊದಲು ಫೋನ್ ಎತ್ತಿದವರು ಇವರು."

ರೂತ್ ಅವನ ತೋಳು ಬಿಟ್ಟಳು. ನೀರಿನ ತೊಟ್ಟಿಯ ಅಂಚಿನ ಮೇಲೆ ಕೂತುಕೊಂಡಳು. ಅಮ್ಮ, ಹುಷಾರಿದ್ದೀರಾ ಎಂದು ಹಾಬ್ಸನ್ ಕೇಳಿದ. ಅವಳು ಕೈ ಬೀಸಿದಳು. ಒಂದು ವಾರದಿಂದ ಕಣ್ಣಲ್ಲಿ ನೀರು ಬಂದಿರಲಿಲ್ಲ, ಬರಲು ಪುರಸೊತ್ತಿರಲಿಲ್ಲ. ಈಗ ಬಂತು. ಅದನ್ನು ಏಪ್ರನ್ನಿನಲ್ಲಿ ಒರೆಸಿಕೊಂಡು ಎದ್ದಳು.

"ಅವಳು ಹೇಗೆ ಹೇಳಿದ್ಲೋ ಹಾಗೇ ಹೇಳು. ಜೋರಾಗಿ. ಎಲ್ಲರಿಗೂ ಕೇಳೋ ಹಾಗೆ."

ಪೆಟ್ಟಿಗೆಯನ್ನು ಹೊರಗೆ ತಂದು ಬೆಂಚಿನ ಮೇಲಿಟ್ಟಿದ್ದರು. ಆರು ಜನ ಹೊರುವವರು ಪಕ್ಕದಲ್ಲಿ ನಿಂತಿದ್ದರು. ಹಾಬ್ಸನ್ ಎತ್ತರದ ಟೋಪಿ ತೆಗೆದು ಕೆಮ್ಮಿದ.

"ತೀರಿಕೊಂಡವರ ಮಾತು ಇದು. ನನ್ನ ಹಿಂದೆ ಮೊದಲು ಆಲ್ಡರ್ಸನ್ ನಡೀಲಿ ಅಂತ. ಆಲ್ಡರ್ಸನ್ ಮುಂದೆ ಬರಬೇಕು."

ಅಂಗಳದಲ್ಲಿ ಅಲ್ಲಲ್ಲಿ ತಲೆಗಳು ಎದ್ದವು. ಬಿಳಿಕುದುರೆಯವನು ಒಂದು ಹೆಜ್ಜೆ ಇಟ್ಟ. ಸೇತುವೆಯ ಅಣ್ಣತಮ್ಮಂದಿರು ಇಬ್ಬರೂ ಇಟ್ಟರು. ಗಡ್ಡದವನು, ಅವನ ಮಗ, ಮೇಲುಹೊಲದ ಮುದುಕ, ಅಂಚೆಯವನು. ಹೊರುವವರಲ್ಲೇ ಇಬ್ಬರು ತಿರುಗಿದರು. ಹೆಸರು ಕರೆದರೆ ಹೆಜ್ಜೆ ಇಡುವುದು ಶಾಲೆಯ ಅಭ್ಯಾಸ. ಇಟ್ಟ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾತು ಕಿವಿಯಿಂದ ಒಳಗೆ ಇಳಿಯಲು ಅಷ್ಟು ಹೊತ್ತು ಬೇಕಾಯಿತು. ಆಮೇಲೆ ಬಿಳಿಕುದುರೆಯವನು ಹಿಂದಕ್ಕೆ ಸರಿದ. ಸೇತುವೆಯವರು ಸರಿದರು. ಒಬ್ಬೊಬ್ಬರಾಗಿ ಎಲ್ಲ ಆಲ್ಡರ್ಸನ್‌ಗಳೂ ಪಕ್ಕಕ್ಕೆ ಸರಿದು, ಗೋಡೆಯವರೆಗೆ ಒಂದು ದಾರಿ ಆಯಿತು. ದಾರಿಯ ಕೊನೆಯಲ್ಲಿ ಕೆಟ್ಲಿ ರೂಬೆನ್ ನಿಂತಿದ್ದ.

ಅವನು ಅಲ್ಲಾಡಲಿಲ್ಲ.

"ಎಷ್ಟು ಜನ ಇದಾರೆ ಅಂದ್ಲಂತೆ ಕಣೋ," ಎಂದಳು ರೂತ್. "ಕಲ್ಲು ಎತ್ತಿದ್ರೆ ಸಿಗ್ತಾರೆ ಅಂದಿದ್ದವಳು, ಲೋಕದಲ್ಲಿ ಒಬ್ಬನೇ ಇರೋ ಹಾಗೆ, ಇರೋದು ಎಷ್ಟು ಜನ ಅಂತ ಹಾಬ್ಸನ್‌ಗೆ ಬೈದ್ಲಂತೆ."

ರೂಬೆನ್ ಟೋಪಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. ಏನೋ ಬೈದ ಹಾಗೆ ಕಂಡಿತು, ಯಾರಿಗೂ ಕೇಳಿಸಲಿಲ್ಲ. ಆಮೇಲೆ ನಡೆದು ಬಂದ.

ಲೆನರ್ಡ್ ಕೈಗವಸು ಬಿಚ್ಚುತ್ತ, ಹಾಗಾದರೆ ನಾನಲ್ಲ ಎಂದ. ಮುಖ ಸ್ವಲ್ಪ ಬಾಡಿತ್ತು. ಊಟಕ್ಕೆ ಇರಬಹುದಲ್ಲ ಎಂದು ಕೇಳಿದ. ಇರಿ ಎಂದಳು ರೂತ್. ಜೆರಾಲ್ಡ್ ಇನ್ನೂ ಹೆಸರಿನ ಮಾತು ಎತ್ತುವುದರಲ್ಲಿದ್ದ. ನೀವು ಹೆಸರಿನವರು ಇವನ ಹಿಂದೆ ಸಾಲಾಗಿ ಬನ್ನಿ, ಇವತ್ತು ಅಷ್ಟು ಸಾಕು ಎಂದು ರೂತ್ ಅವನ ಎದೆಯ ಬಿಲ್ಲೆ ಓರೆಯಾಗಿದ್ದುದನ್ನು ನೆಟ್ಟಗೆ ಮಾಡಿದಳು. ಅವನು ಹೋಗಿ ಸಾಲಿನಲ್ಲಿ ನಿಂತ.

ಪೆಟ್ಟಿಗೆ ಹೆಗಲೇರಿತು. ಚರ್ಚು ಹಳ್ಳದ ಆಚೆ, ಇಳಿಜಾರಿನ ರಸ್ತೆ. ಹೊರುವವರು ಗಟ್ಟಿಯಾಳುಗಳು, ಇಳಿಜಾರಿನಲ್ಲಿ ಕಾಲು ತಾನಾಗಿ ಓಡುತ್ತದೆ. ರೂಬೆನ್‌ಗೆ ಎಪ್ಪತ್ತೆಂಟು ವರ್ಷ. ಅವನು ತನ್ನ ನಡಿಗೆಯಲ್ಲಿ ನಡೆದ. ಅವನನ್ನು ದಾಟುವಂತಿಲ್ಲ, ಹಾಗಾಗಿ ಹಿಂದಿದ್ದ ವಾದರ್‌ಸೆಟ್‌ಗಳು, ಅವರ ಹಿಂದಿದ್ದ ಇಡೀ ಊರು, ಗಾಳಿಗೆ ಕೋಟು ಬಿಗಿದುಕೊಂಡು ಅಷ್ಟೇ ನಿಧಾನಕ್ಕೆ ನಡೆಯಬೇಕಾಯಿತು. ಪೆಟ್ಟಿಗೆಗೂ ಅವನಿಗೂ ನಡುವೆ ಖಾಲಿ ರಸ್ತೆ ಬೆಳೆಯುತ್ತ ಹೋಯಿತು.

ತಿರುವಿನಲ್ಲಿ, ಹೊರುವವರಲ್ಲಿ ಮುಂದಿದ್ದ ಕಿಟ್ ಮೆಟ್‌ಕಾಫ್ ಹಿಂತಿರುಗಿ ನೋಡಿ ನಿಂತ. ಆರೂ ಜನ ನಿಂತರು.

"ಬೇಗ ಬಾರೋ ಮಾರಾಯ," ಎಂದು ಕಿಟ್ ಕೂಗಿದ. "ಇವಳು ಹಗುರ ಇದಾಳೆ ಅಂದ್ಕೊಂಡ್ಯಾ?"

"ಅವಳು ಕಾಯ್ಲಿ," ಎಂದ ರೂಬೆನ್.

ಮಾರ್ಚ್ ತಿಂಗಳ ಕೊನೆಯ ಗುರುವಾರ ಅದು, ವಾದರ್‌ಸೆಟ್ ಮನೆಯಿಂದ ಎಡಿತ್ ವಾದರ್‌ಸೆಟ್ ಹೊರಟ ದಿನ. ಹಳ್ಳದ ತಿರುವಿನಲ್ಲಿ, ಆರು ಜನರ ಹೆಗಲ ಮೇಲೆ, ಅವಳು ಗಾಳಿಗೆ ನಿಂತಿದ್ದಳು.