ಇಬ್ಬರಿಗೆ ಒಂದು ಮೇಜು

ಸೇವಂತಿ ತಟ್ಟೆ ಹಿಡಿದುಕೊಂಡು ಮೇಜಿಗೆ ಬರುವಷ್ಟರಲ್ಲಿ ಚೆನ್ನಯನ ಊಟ ಮುಗಿದಿತ್ತು. ಅನ್ನ, ದಾಲ್, ಒಂದು ತುಂಡು ಮೀನು. ಇಷ್ಟನ್ನು ಬಫೆಯಿಂದ ಬಡಿಸಿಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಕೂತು, ಗಬಗಬನೆ ತಿಂದು, ಈಗ ಕೈ ತೊಳೆಯುವ ಜಾಗ ಎಲ್ಲಿದೆಯೆಂದು ಕತ್ತು ಎತ್ತಿ ನೋಡುತ್ತಿದ್ದ. ಸೇವಂತಿ ಎದುರು ಕೂತು ತನ್ನ ತಟ್ಟೆಯನ್ನೊಮ್ಮೆ ನೋಡಿಕೊಂಡಳು. ಸಲಾಡ್, ಸ್ವಲ್ಪ ನೂಡಲ್ಸ್, ಸಿಗಡಿ, ಬಿಳಿ ಸಾಸಿನಲ್ಲಿ ಮುಳುಗಿದ ಅಣಬೆ.

“ಆಯ್ತಾ ನಿಮ್ಮದು?”

“ಆಯ್ತು. ನೀನು ನಿಧಾನಕ್ಕೆ ತಿನ್ನು. ನಾನು ಸ್ವಲ್ಪ ಹೊರಗೆ ನೋಡಿ ಬರ್ತೇನೆ.”

“ಹೊರಗೆ ಎಂತ ನೋಡ್ಲಿಕ್ಕುಂಟು? ಕೂತ್ಕೊಳ್ಳಿ.”

ಅವನು ಕೂತ. ಕೂತು ಅವಳು ತಿನ್ನುವುದನ್ನು ನೋಡಿದ. ನೋಡುವುದು ಸರಿಯಲ್ಲವೆನಿಸಿ ಸಮುದ್ರದ ಕಡೆ ತಿರುಗಿದ.

ಮನೋರಿಯ ಈ ರಿಸಾರ್ಟಿಗೆ ಅವರನ್ನು ಕಳಿಸಿದ್ದು ಮಗಳು ನಿಶ್ಮಿತಾ. ಮದುವೆಯಾಗಿ ಮೂವತ್ತು ವರ್ಷವಾದ ನೆಪ. ಬೆಳಿಗ್ಗೆ ಅಳಿಯ ಹಿತೇಶ್ ಕಾರಿನಲ್ಲಿ ಮಾರ್ವೆಯ ಜೆಟ್ಟಿಯವರೆಗೆ ತಂದು ಬಿಟ್ಟಿದ್ದ. ಅಲ್ಲಿಂದ ದೋಣಿಯಲ್ಲಿ ಸಮುದ್ರದ ಖಾಡಿ ದಾಟಿದರೆ ಆಚೆ ದಡವೇ ಮನೋರಿ. ಗಂಡಹೆಂಡತಿಯರಿಗೆಂದೇ ಇರುವ ಎರಡು ದಿನದ ಪ್ಯಾಕೇಜ್ ಅದು. ಬಂದವರೆಲ್ಲ ಹೊಸದಾಗಿ ಮದುವೆಯಾದವರು, ಇಲ್ಲವೇ ಆಗಲಿರುವವರು. ಕೌಂಟರಿನ ಹುಡುಗಿ ಇವರ ಹಿಂದೆ ಇನ್ನಾರಾದರೂ ಬರುತ್ತಿದ್ದಾರೆಯೇ ಎಂದು ನೋಡಿ, “ಅಂಕಲ್, ಕಪಲ್ ಕಹಾಂ ಹೈ?” ಎಂದು ಕೇಳಿದ್ದಳು. “ಹಮ್ ಹೀ ಹೈ” ಎಂದಿದ್ದಳು ಸೇವಂತಿ.

ಸಯನ್ ಸ್ಟೇಷನ್ನಿನ ಹತ್ತಿರ ಚೆನ್ನಯನ ಹೋಟೆಲು. ಬೆಳಿಗ್ಗೆ ಇಡ್ಲಿ, ವಡೆ, ಮಧ್ಯಾಹ್ನ ರೈಸ್ ಪ್ಲೇಟ್. ಬೆಳಕು ಹರಿಯುವ ಮೊದಲು ಚೆಂಬೂರಿನ ಮನೆಯಿಂದ ಸ್ಕೂಟರಿನಲ್ಲಿ ಹೊರಟರೆ ಅವನು ಮರಳುತ್ತಿದ್ದುದು ಶಟರ್ ಎಳೆದ ಮೇಲೆ. ಊಟವೆಂದರೆ ಅಡುಗೆಮನೆಗೂ ಗಲ್ಲಾಕ್ಕೂ ನಡುವಿನ ಜಾಗದಲ್ಲಿ ನಿಂತು ಉಣ್ಣುವುದು. ಸೇವಂತಿ ಮೊದಲು ಮಗಳ ಜೊತೆ ಉಣ್ಣುತ್ತಿದ್ದಳು, ಮಗಳ ಮದುವೆಯಾದ ಮೇಲೆ ಒಬ್ಬಳೇ. ಮದುವೆ, ಸೀಮಂತಗಳಿಗೆ ಇಬ್ಬರೂ ಹೋದರೂ ಚೆನ್ನಯ ಬಡಿಸುವವರ ಜೊತೆ ಸೇರಿಕೊಳ್ಳುತ್ತಿದ್ದ. ಹಾಗಾಗಿ ಒಂದೇ ಮೇಜಿಗೆ ಎದುರುಬದುರಾಗಿ ಕೂರುವುದು ಅವರಿಬ್ಬರಿಗೂ ಹೊಸದು.

ಗ್ಲಾಸಿಗೆ ನೀರು ಹಾಕುತ್ತಿದ್ದ ವೇಟರ್ ಕೈ ತಡೆದು ಕೇಳಿದ. “ಕನ್ನಡದಾವ್ರೇನ್ರಿ?”

ನಲವತ್ತು ದಾಟಿದ ಮನುಷ್ಯ. ಹೆಸರು ಕಾಶಿನಾಥ, ಅಫಜಲಪುರದ ಕಡೆಯವನು. “ನಮ್ಮ ಕಡಿ ಮಂದಿ ಇಲ್ಲಿ ಬರೂದ ಇಲ್ರಿ. ಬರೇ ಹುಡುಗ್ರು ಬರ್ತಾವ, ಮಾರಿ ಸುದ್ದಾ ಎತ್ತಂಗಿಲ್ಲ, ಫೋಟೋ ಹೊಡ್ಕೊಂತ ಕುಂತಿರ್ತಾವ” ಎಂದ. ಚೆನ್ನಯನಿಗೆ ಜೀವ ಬಂದಂತಾಯಿತು. ಅಡುಗೆಯವರು ಯಾವ ಕಡೆಯವರು, ಮೀನು ಎಲ್ಲಿಂದ ಬರುತ್ತದೆ, ಇಷ್ಟು ಟೇಬಲ್ಲಿಗೆ ಎಷ್ಟು ಜನ ಇದ್ದೀರಿ ಎಂದೆಲ್ಲ ಕೇಳುತ್ತ ಎದ್ದು, ಅವನ ಹಿಂದೆಯೇ ಅಡುಗೆಮನೆಯ ಕಡೆ ಹೋಗಿಬಿಟ್ಟ.

ಸೇವಂತಿ ಎದ್ದು ಹೋಗಿ ಇನ್ನೊಂದು ಸಲ ಸಿಗಡಿ ಹಾಕಿಸಿಕೊಂಡು ಬಂದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಚೆನ್ನಯ ಗಾಳಿಮರದ ಕೆಳಗಿದ್ದ ಉದ್ದನೆಯ ಕುರ್ಚಿಯೊಂದರಲ್ಲಿ ಒರಗಲು ನೋಡಿದ. ಬೆನ್ನು ಒಗ್ಗಲಿಲ್ಲ. ಎದ್ದು ಕೂತು ಸೋದರಳಿಯ ಧನರಾಜನಿಗೆ ಫೋನು ಮಾಡಿದ. ಎರಡು ದಿನದ ಮಟ್ಟಿಗೆ ಗಲ್ಲಾದಲ್ಲಿ ಕೂತವನು ಅವನೇ.

“ಎಲ್ಲ ಸರಿ ಉಂಟು ಮಾವ. ನೀವು ಅಲ್ಲಿ ಆರಾಮ ಮಾಡಿ” ಎಂದ ಧನರಾಜ್.

“ಗ್ರೈಂಡರಿನವ ಬಂದನಾ?”

ಆಗ ಕೋಣೆಗಳ ಕಡೆಯಿಂದ ಒಬ್ಬ ಹೆಂಗಸು ಈಜುಕೊಳದತ್ತ ನಡೆದು ಬಂದಳು. ಮೊಣಕಾಲಿನವರೆಗಿನ ಕಪ್ಪು ಈಜುಡುಗೆ, ತಲೆಗೆ ನೀಲಿ ಟೋಪಿ. ಚೆನ್ನಯ ಮರ್ಯಾದೆಗೆ ಮುಖ ತಿರುಗಿಸಿಕೊಂಡ. ಕಣ್ಣಂಚಿಗೆ ಕಂಡ ಹಾಗೆ, ಹೆಂಗಸು ಕೊಳದ ಕಂಬಿ ಹಿಡಿದು, ಒಂದು ಕಾಲಿನ ಮೇಲೆ ಭಾರ ಹಾಕಿ, ಸೊಂಟ ಸ್ವಲ್ಪ ಓರೆ ಮಾಡಿಕೊಂಡು ನಿಂತಳು. ಅಡುಗೆಮನೆಯ ಕಟ್ಟೆಯ ಮುಂದೆ ಹಾಗೆ ನಿಲ್ಲುವವರಲ್ಲಿ ಅವನಿಗೆ ಗೊತ್ತಿದ್ದವಳು ಒಬ್ಬಳೇ. ಅವನು ತಿರುಗಿ ನೋಡುವುದರೊಳಗೆ ಸೇವಂತಿ ನೀರಿಗೆ ಇಳಿದಾಗಿತ್ತು.

ಅವಳು ಗೋಡೆಯನ್ನು ಕಾಲಿನಿಂದ ಒದ್ದು ಮುಂದೆ ಹೋದಳು. ಕೈಗಳು ಒಂದಾದ ಮೇಲೊಂದು ನೀರಿನಿಂದ ಎದ್ದವು, ಇಳಿದವು. ಉಸಿರಿಗಾಗಿ ಮುಖ ಬದಿಗೆ ತಿರುಗುತ್ತಿತ್ತು, ಮತ್ತೆ ಮುಳುಗುತ್ತಿತ್ತು. ಆಚೆ ತುದಿಯಲ್ಲಿ ಮೊಬೈಲ್ ಮೇಲೆತ್ತಿ ಫೋಟೋ ತೆಗೆದುಕೊಳ್ಳುತ್ತಿದ್ದ ಜೋಡಿ ಪಕ್ಕಕ್ಕೆ ಸರಿಯಿತು. ಅವಳು ಗೋಡೆ ಮುಟ್ಟಿ ತಿರುಗಿದಳು. ಅವಸರವಿರಲಿಲ್ಲ, ಆಯಾಸವೂ ಕಾಣಲಿಲ್ಲ.

“ಮಾವ? ಮಾವ, ಕೇಳ್ತದಾ?” ಎನ್ನುತ್ತಿತ್ತು ಫೋನು.

ಚೆನ್ನಯ ಕೊಳದ ಅಂಚಿಗೆ ಬಂದು ನಿಂತ. ಅವಳು ಅವನ ಕಾಲಬುಡದಲ್ಲಿ ತಲೆ ಎತ್ತಿ ಮುಖದ ನೀರು ಒರೆಸಿಕೊಂಡಳು.

“ಇದು ಯಾವಾಗ ಕಲಿತದ್ದು ನೀನು?”

“ಎರಡು ವರ್ಷ ಆಯ್ತು. ನಮ್ಮ ಚೆಂಬೂರಿನ ಪೂಲ್‌ನಲ್ಲಿ. ಬೆಳಿಗ್ಗೆ ಲೇಡೀಸ್ ಬ್ಯಾಚ್ ಉಂಟು.”

“ನನ್ನ ಹತ್ರ ಹೇಳ್ಲಿಲ್ಲ.”

“ಹೇಳಿದ್ದೆ. ಸೇರಿದ ದಿವಸವೇ ಹೇಳಿದ್ದೆ. ನೀವು ಹ್ಞಾಂ ಅಂದ್ರಿ. ಗ್ಯಾಸಿನವನ ಹತ್ರ ಫೋನಲ್ಲಿ ಮಾತಾಡ್ತಾ ಇದ್ರಿ.”

“ನಿಶ್ಮಿತಾಳಿಗೆ ಗೊತ್ತುಂಟಾ?”

“ಡ್ರೆಸ್ ತಂದುಕೊಟ್ಟದ್ದೇ ಅವಳು.”

ಅವಳು ಮತ್ತೆ ಗೋಡೆ ಒದ್ದು ಹೊರಟಳು. ಮನೆಯ ಬಾಲ್ಕನಿಯ ಹಗ್ಗದ ಮೇಲೆ ಕಪ್ಪು ಬಟ್ಟೆಯೊಂದು ಒಣಗುತ್ತಿದ್ದುದನ್ನು ಚೆನ್ನಯ ನೋಡಿದ್ದುಂಟು. ಮಗಳು ಬಿಟ್ಟುಹೋದದ್ದಿರಬೇಕು ಎಂದುಕೊಂಡಿದ್ದ. ಎರಡು ವರ್ಷ ಹಾಗೇ ಅಂದುಕೊಂಡಿದ್ದ.

ಸಂಜೆಯ ಊಟಕ್ಕೆ ಮರಳಿನ ಮೇಲೆಯೇ ಮೇಜು ಹಾಕಿದ್ದರು. ಪ್ರತಿ ಜೋಡಿಗೆ ಒಂದು ಮೇಜು, ಎರಡು ಕುರ್ಚಿ, ಒಂದು ಮೇಣದ ಬತ್ತಿ. ಗಾಳಿ ಬತ್ತಿಯನ್ನು ಉಳಿಸಲಿಲ್ಲ. ಕಾಶಿನಾಥ ಎರಡು ಸಲ ಹಚ್ಚಿ, ಬೇಸತ್ತು, ಬ್ಯಾಟರಿಯ ಬತ್ತಿಯೊಂದನ್ನು ತಂದಿಟ್ಟ. ಇಲ್ಲಿ ಬಫೆ ಇರಲಿಲ್ಲ, ಬಡಿಸುವವರೆಗೆ ಕಾಯಬೇಕು. ಚೆನ್ನಯ ಕಾದ. ಬಂದ ಮೇಲೂ ಆದಷ್ಟು ನಿಧಾನವಾಗಿ ತಿಂದ.

ಅವನಿಗೆ ಹೇಳಲಿಕ್ಕೆ ಒಂದು ವಿಷಯವಿತ್ತು. ಸಮುದ್ರದ ಎದುರು, ಶಾಂತವಾಗಿ, ಅವಳಿಗೆ ಖುಷಿಯಾಗುವ ಹಾಗೆ ಹೇಳಬೇಕೆಂದು ಮನಸ್ಸಿನಲ್ಲಿಟ್ಟುಕೊಂಡೇ ಬಂದಿದ್ದ. ಮೊಬೈಲ್ ತೆಗೆದು ಅವಳ ಮುಂದೆ ಹಿಡಿದ. ಕಾರ್ಕಳದ ಹತ್ತಿರ ಕಟ್ಟಿಸುತ್ತಿದ್ದ ಮನೆಯ ಫೋಟೋಗಳು. ಸ್ಲ್ಯಾಬ್ ಆಗಿತ್ತು, ಗಾರೆಯೂ ಮುಗಿದಿತ್ತು.

“ಅಡುಗೆಮನೆ ನೋಡು. ನಮ್ಮ ಚೆಂಬೂರಿನ ಹಾಲ್‌ಗಿಂತ ದೊಡ್ಡದುಂಟು.”

“ಚಂದ ಬಂದಿದೆ” ಎಂದಳು ಸೇವಂತಿ.

“ಬಿಸು ಹಬ್ಬಕ್ಕೆ ಮನೆ ಒಕ್ಕಲು ಮಾಡಿಬಿಡುವ. ದೊಡ್ಡದಾಗಿ ಎಂತ ಬೇಡ, ಹತ್ತಿರದವರನ್ನು ಕರೆದು ಹಾಲುಕ್ಕಿಸಿದರೆ ಸಾಕು. ಹೋಟೆಲ್ ಧನರಾಜ ನೋಡ್ಕೊಳ್ತಾನೆ, ನಾನು ಮಾತು ಕೊಟ್ಟಾಯ್ತು. ಮತ್ತೆ ಈ ಬೊಂಬಾಯಿ ನಮಗೆ ಬೇಡ. ಇಬ್ಬರೇ ಆರಾಮದಲ್ಲಿ ಅಲ್ಲಿರುವ.”

ಸೇವಂತಿ ಬಾಯಿಯಿಂದ ಮೀನಿನ ಮುಳ್ಳೊಂದನ್ನು ತೆಗೆದು ತಟ್ಟೆಯ ಅಂಚಿನಲ್ಲಿಟ್ಟಳು. ನೀರು ಕುಡಿದಳು.

“ನೀವು ಹೋಗಿ. ನಾನು ಬರುದಿಲ್ಲ.”

“ಮನೆ ಒಕ್ಕಲಿಗೆ ಬರುದಿಲ್ವಾ?”

“ಒಕ್ಕಲಿಗೆ ಬರ್ತೇನೆ. ಇರ್ಲಿಕ್ಕೆ ಬರುದಿಲ್ಲ.”

ಚೆನ್ನಯ ನಗಲು ನೋಡಿದ. ಅವಳು ನಗುತ್ತಿರಲಿಲ್ಲ.

“ಎಂತ ಮಾತಾಡ್ತಿ ನೀನು? ಊರು ಬೇಡ್ವಾ ನಿನಗೆ?”

“ಊರು ನಿಮ್ಮದು. ನೀವು ಸಣ್ಣವರಿರುವಾಗ ಬಿಟ್ಟು ಬಂದದ್ದು, ಅದಕ್ಕೆ ನಿಮಗೆ ಇನ್ನೂ ಅಷ್ಟು ಆಸೆ. ನಾನು ಮದುವೆಯಾಗಿ ಅಲ್ಲಿ ಎಷ್ಟು ಸಮಯ ಇದ್ದೆ? ನನಗೆ ಅಲ್ಲಿ ಯಾರ ಪರಿಚಯ ಉಂಟು?”

“ಇಲ್ಲಿ ಯಾರಿದ್ದಾರೆ ನಿನಗೆ?”

ಅವಳು ಸ್ವಲ್ಪ ಯೋಚಿಸಿದಳು. ಜಗಳಕ್ಕೆ ಉತ್ತರ ಹುಡುಕುವವರ ಹಾಗಲ್ಲ, ನಿಜವಾಗಿ ಎಣಿಸುವವರ ಹಾಗೆ. “ಪೂಲ್‌ನವರಿದ್ದಾರೆ. ಮೇಲಿನ ಮಾಳಿಗೆಯ ರುಕ್ಮಿಣಿಬಾಯಿ ಇದ್ದಾರೆ, ನಾವಿಬ್ಬರು ಗುರುವಾರ ಲೋಕಲ್ ಹಿಡಿದು ಎಲ್ಲಿಗಾದ್ರೂ ಹೋಗ್ತೇವೆ. ಹೋದ ವಾರ ಪನ್ವೇಲಿಗೆ ಹೋಗಿದ್ದೆವು. ಅಲ್ಲಿ ಕೆಲಸ ಇರ್ಲಿಲ್ಲ. ಸುಮ್ಮನೆ ಕಡೇ ಸ್ಟೇಷನ್ ತನಕ ಹೋದೆವು, ಚಾ ಕುಡಿದು ಬಂದೆವು.”

“ಅದಕ್ಕಾಗಿ ನೀನು ಇಲ್ಲಿ ಉಳಿಯುದಾ? ಜನ ಎಂತ ಹೇಳಿಯಾರು? ಗಂಡ ಅಲ್ಲಿ, ಹೆಂಡತಿ ಇಲ್ಲಿ.”

“ಇಷ್ಟು ವರ್ಷ ನೀವು ಹೋಟೆಲಲ್ಲಿ, ನಾನು ಮನೆಯಲ್ಲಿ. ಆಗ ಜನ ಏನಾದ್ರೂ ಹೇಳಿದ್ರಾ?”

ಕೆಲಸದವರು ದಿಢೀರನೆ ಬಿಟ್ಟುಹೋಗುತ್ತೇನೆಂದಾಗ ಏನು ಹೇಳಬೇಕೆಂದು ಚೆನ್ನಯನಿಗೆ ಗೊತ್ತಿತ್ತು. ಯಾರಿಗೆ ಗದರಬೇಕು, ಯಾರನ್ನು ನಾಲ್ಕು ದಿನ ರಜೆ ಕೊಟ್ಟು ಊರಿಗೆ ಕಳಿಸಿದರೆ ತಾನಾಗಿ ಮರಳುತ್ತಾನೆ ಎಂಬುದೆಲ್ಲ ತಿಳಿದಿತ್ತು. ಅದು ಯಾವುದೂ ಹೆಂಡತಿಗೆ ಹೊಂದುವಂಥದ್ದಲ್ಲ. ಅವನು ಬಾಯಿ ತೆರೆಯುವಷ್ಟರಲ್ಲಿ ಕಾಶಿನಾಥ ಕೇಕ್ ಹಿಡಿದುಕೊಂಡು ಬಂದ. ಜೊತೆಗೆ ಇನ್ನಿಬ್ಬರು ವೇಟರುಗಳು ಚಪ್ಪಾಳೆ ತಟ್ಟುತ್ತಿದ್ದರು. ಕೇಕಿನ ಮೇಲೆ ಇಬ್ಬರ ಹೆಸರೂ ಇತ್ತು. ಸೇವಂತಿಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿತ್ತು.

“ಕಟ್ ಮಾಡ್ರಿ ಅಣ್ಣಾರ. ಅಕ್ಕಾರ, ನೀವೂ ಕೈ ಹಿಡೀರಿ. ಮಗಳು ಫೋಟೋ ಕಳಸ್ರಿ ಅಂದಾರ್ರಿ.” ಕಾಶಿನಾಥ ಮೊಬೈಲ್ ಹಿಡಿದು ಎರಡು ಹೆಜ್ಜೆ ಹಿಂದೆ ಹೋದ. “ಇನ್ನಷ್ಟ ಹತ್ರ ಸರೀರಿ. ಹಾಂ, ಹಂಗ. ನಗ್ರಿ ಸ್ವಲ್ಪ.”

ಇಬ್ಬರೂ ಒಂದೇ ಚಾಕು ಹಿಡಿದು ಕೇಕ್ ಕತ್ತರಿಸಿದರು. ಫೋಟೋ ಹೋದ ತುಸು ಹೊತ್ತಿಗೆ ನಿಶ್ಮಿತಾಳ ಫೋನು ಬಂತು. “ಪಪ್ಪಾ, ಸೋ ಸ್ವೀಟ್! ನೀವು ಮಮ್ಮಿ ಜೊತೆ ಎಂಜಾಯ್ ಮಾಡ್ತಾ ಇದ್ದೀರಿ ನಾ? ಹೋಟೆಲ್‌ಗೆ ಫೋನ್ ಮಾಡ್ಲಿಕ್ಕೆ ನಹೀ, ಹಾಂ?”

“ಇಲ್ಲ ಮಗಾ” ಎಂದ ಚೆನ್ನಯ.

ವೇಟರುಗಳು ಇನ್ನೊಂದು ಮೇಜಿಗೆ ಚಪ್ಪಾಳೆ ತಟ್ಟಲು ಹೋದರು. ಕೇಕಿನ ಎರಡು ತುಂಡುಗಳು ತಟ್ಟೆಗಳಲ್ಲಿದ್ದವು. ಸೇವಂತಿ ತನ್ನದನ್ನು ತಿಂದಳು.

“ಮತ್ತೆ ನಾನು ಅಲ್ಲಿ ಒಬ್ಬನೇ ಎಂತ ಮಾಡುದು?” ಎಂದ ಚೆನ್ನಯ. ಬೈಯಬೇಕೆಂದುಕೊಂಡದ್ದು ಹಾಗೆ ಹೊರಬಂದಿತ್ತು.

“ನನಗೂ ಮೊದಲು ಹಾಗೇ ಆಗ್ತಿತ್ತು, ನೀವು ಬೆಳಿಗ್ಗೆ ಹೋದ ಮೇಲೆ” ಎಂದಳು ಅವಳು. “ಹುಡುಕಿದ್ರೆ ಎಂತಾದ್ರೂ ಸಿಗ್ತದೆ.”

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಮರುದಿನ ಅವನು ಎದ್ದಾಗ ಪಕ್ಕದ ಹಾಸಿಗೆ ಖಾಲಿ. ಹೊರಗೆ ಬಂದು ನೋಡಿದರೆ ಅವಳು ಕೊಳದಲ್ಲಿದ್ದಳು, ಬೇರೆ ಯಾರೂ ಎದ್ದಿರಲಿಲ್ಲ. ಚೆನ್ನಯ ಲುಂಗಿ ಮೇಲೆತ್ತಿ ಕೊಳದ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ನೀರು ತಣ್ಣಗಿತ್ತು. ಅವಳು ನಾಲ್ಕಾರು ಸಲ ಅವನನ್ನು ದಾಟಿ ಹೋದಳು, ಬಂದಳು.

“ಇಲ್ಲಿ ಆಳ ಎಷ್ಟುಂಟು?”

“ನಿಮ್ಮ ಎದೆ ತನಕ ಬರಬಹುದು. ಇಳೀತೀರಾ?”

“ಬೇಡ.”

ಆದರೂ ಅವಳು ಮುಗಿಸುವವರೆಗೆ ಅವನು ಎದ್ದು ಹೋಗಲಿಲ್ಲ.

ಮಧ್ಯಾಹ್ನ ದೋಣಿಯಲ್ಲಿ ಈಚೆ ದಡಕ್ಕೆ ಬಂದು, ರಿಕ್ಷಾ ಹಿಡಿದು ಮಲಾಡ್ ಸ್ಟೇಷನ್ನಿಗೆ ಬಂದರು. ಹಿತೇಶನಿಗೆ ಅಂದು ರಜೆ ಇರಲಿಲ್ಲ. ಚೆನ್ನಯ ಲೋಕಲ್ ಹತ್ತದೆ ಯಾವ ಕಾಲವಾಗಿತ್ತೋ. ಯಾವ ಪ್ಲಾಟ್‌ಫಾರ್ಮ್, ಯಾವುದು ಫಾಸ್ಟ್, ಎಲ್ಲಿ ನಿಂತರೆ ಬಾಗಿಲು ಎದುರು ಬರುತ್ತದೆ ಎಂದು ಸೇವಂತಿಯೇ ಹೇಳಿದಳು. ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಸೆಂಟ್ರಲ್ ಲೈನಿನ ಕಡೆ ಅವನನ್ನು ಕರೆದುಕೊಂಡು ಹೋದದ್ದೂ ಅವಳೇ. ಜನರ ನಡುವೆ ಅವಳು ಯಾರಿಗೂ ತಾಗದೆ ದಾರಿ ಮಾಡಿಕೊಳ್ಳುತ್ತಿದ್ದಳು. ಅವನಿಗೆ ಎಲ್ಲರೂ ತಾಗುತ್ತಿದ್ದರು.

“ಈ ಗಾಡಿಯಲ್ಲಿ ಹೋದ್ರೆ ನಿಮಗೆ ಸಯನ್ ಸಿಗ್ತದೆ, ಹೋಟೆಲಿಗೆ ಹೋಗುದಾದ್ರೆ. ನಾನು ಕುರ್ಲಾದಲ್ಲಿ ಇಳಿದು ಚೆಂಬೂರಿಗೆ ಹಾರ್ಬರ್ ಗಾಡಿ ಹಿಡೀತೇನೆ” ಎಂದಳು. ಅವನ ಕೈಯಲ್ಲಿದ್ದ ಬಟ್ಟೆಯ ಬ್ಯಾಗಿಗೆ ಕೈ ಚಾಚಿದಳು.

“ಇರ್ಲಿ, ನನ್ನ ಹತ್ರ ಇರ್ಲಿ” ಎಂದ ಅವನು. ಗಾಡಿ ಬಂತು. ಅವಳು ಹೆಂಗಸರ ಡಬ್ಬಿಗೆ ಹತ್ತಿದಳು, ಅವನು ಪಕ್ಕದ್ದಕ್ಕೆ.

ಮಾಟುಂಗ ಆಯಿತು. ಸಯನ್ ಬಂತು. ಗಾಡಿ ನಿಲ್ಲುವ ಮೊದಲೇ ಹಿಂದಿನವನು ಚೆನ್ನಯನ ಭುಜ ತಟ್ಟಿದ. “ಉತರ್ನಾ ಹೈ ಕ್ಯಾ, ಅಂಕಲ್?”

ಚೆನ್ನಯ ಹೊರಗೆ ನೋಡಿದ. ಸೇತುವೆಯಾಚೆ ಎರಡು ಗಲ್ಲಿ ದಾಟಿದರೆ ಹೋಟೆಲು. ಈ ಹೊತ್ತಿಗೆ ಚಾದ ಗಿರಾಕಿಗಳು ಶುರುವಾಗುತ್ತಾರೆ.

“ನಹೀ” ಎಂದು ಬ್ಯಾಗನ್ನು ಎದೆಗೆ ಎಳೆದುಕೊಂಡು ಪಕ್ಕಕ್ಕೆ ಸರಿದ. ಇಳಿಯುವವರು ಅವನನ್ನು ಉಜ್ಜಿಕೊಂಡು ಇಳಿದರು.

ಕುರ್ಲಾದಲ್ಲಿ ಜನರೇ ಅವನನ್ನು ಹೊರಗೆ ತಂದು ಬಿಟ್ಟರು. ಪ್ಲಾಟ್‌ಫಾರ್ಮಿನಲ್ಲಿ ನಿಂತು ಹುಡುಕಿದ. ಸೇವಂತಿ ಮುಂದೆ ಹೋಗುತ್ತಿದ್ದಳು, ಅವನಿಗೆ ಗುರುತಿಲ್ಲದ ಯಾರೋ ಒಬ್ಬ ಹೆಂಗಸಿನ ಜೊತೆ ಮಾತಾಡುತ್ತ. ಆ ಹೆಂಗಸು ಏನೋ ಹೇಳಿದಳು, ಸೇವಂತಿ ತಲೆ ಹಿಂದಕ್ಕೆ ಹಾಕಿ ನಕ್ಕಳು. ಅವನು ಕೂಗಲಿಲ್ಲ. ಬ್ಯಾಗನ್ನು ಹೆಗಲಿಗೇರಿಸಿಕೊಂಡು ಹಿಂದೆ ನಡೆದ. ಸೇತುವೆಯ ಮೆಟ್ಟಿಲ ಮೇಲೆ ಆಚೆಯ ಗಾಡಿಯ ಜನ ಒಮ್ಮೆಗೇ ಇಳಿದು ಬರುತ್ತಿದ್ದರು. ಮೇಲೆ ಸೇವಂತಿ ಎಡಗಡೆಯ ಕಂಬಿಗೆ ಸರಿದು, ಇಳಿಯುವವರಿಗೆ ದಾರಿ ಬಿಟ್ಟು, ನಿಲ್ಲದೆ ಹತ್ತುತ್ತ ಹೋದಳು. ಕೆಳಗೆ ಚೆನ್ನಯನೂ ಎಡಕ್ಕೆ ಸರಿದು ಕಂಬಿ ಹಿಡಿದುಕೊಂಡ.